ಮನೆಗೆಲಸದ ನಡುವೆಯೇ ಓದಬೇಕಾದ ಕೆನಡಾದ ಕಥೆಗಳು

ನಮಸ್ಕಾರ ಎಲ್ಲರಿಗೂ.

"ಮಕ್ಕಳು ಸ್ವಲ್ಪ ದೊಡ್ಡವರಾಗಲಿ, ಆಮೇಲೆ ಓದುತ್ತೇನೆ." ಈ ಮಾತನ್ನು ಟೊರೊಂಟೋ ಪಕ್ಕದ ಮಿಸ್ಸಿಸಾಗಾ, ಬ್ರಾಂಪ್ಟನ್ ಕಡೆಯ ಕನ್ನಡದ ಮನೆಗಳಲ್ಲಿ ನಾನು ಕೇಳುತ್ತಲೇ ಇರುತ್ತೇನೆ. ಹೇಳುವವರು ಹೆಚ್ಚಾಗಿ ಹೆಂಗಸರು. ಊರಲ್ಲಿದ್ದಾಗ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಕಾದಂಬರಿ ತಂದು ರಾತ್ರಿಯೆಲ್ಲ ಕೂತು ಮುಗಿಸುತ್ತಿದ್ದವರು. ಈಗ ಆಫೀಸು, ಲಂಚ್ ಬಾಕ್ಸು, ಸ್ವಿಮ್ಮಿಂಗ್ ಕ್ಲಾಸು, ತಂದೆತಾಯಂದಿರಿಗೆ ಕೆನಡಾ ಕೊಡುವ ದೀರ್ಘ ಕಾಲದ ಸೂಪರ್ ವೀಸಾದಲ್ಲಿ ಬಂದಿರುವ ಅತ್ತೆ ಮಾವ, ಇದರ ಮಧ್ಯೆ ಪುಸ್ತಕಕ್ಕೆ ಜಾಗವೇ ಇಲ್ಲ ಅನ್ನುತ್ತಾರೆ. ಕಷ್ಟ ನಿಜ. ನಮ್ಮ ಮನೆಯಲ್ಲೂ ಅದೇ ಕಥೆ. ಆದರೆ "ಆಮೇಲೆ" ಅನ್ನೋದನ್ನು ನಾನು ಒಪ್ಪುವುದಿಲ್ಲ. ಅದರಲ್ಲೂ ಕೆನಡಾದ ಕಥೆ ಕಾದಂಬರಿಗಳ ವಿಷಯದಲ್ಲಿ ಒಪ್ಪುವುದೇ ಇಲ್ಲ. ಯಾಕೆಂದರೆ ಅವುಗಳಲ್ಲಿ ಒಳ್ಳೆಯವೆಲ್ಲ ಇರುವುದೇ ಮನೆಯ ಬಗ್ಗೆ. ಮನೆ ಖಾಲಿಯಾಗಿ, ಕೆಲಸ ಮುಗಿದು, ಆರಾಮಾಗಿ ಕೂತ ಮೇಲೆ ಓದಿದರೆ ಅರ್ಧ ರುಚಿ ಹೋಗುತ್ತದೆ. ಮನೆ ತುಂಬಾ ಜನ ಇರುವಾಗಲೇ ಓದಬೇಕು.

ಆಲಿಸ್ ಮನ್ರೋ ಅವರಿಂದ ಶುರು ಮಾಡೋಣ. 1931ರಲ್ಲಿ ಒಂಟಾರಿಯೋದ ವಿಂಗಮ್ ಅನ್ನೋ ಸಣ್ಣ ಊರಲ್ಲಿ ಹುಟ್ಟಿದವರು, 2013ರಲ್ಲಿ ನೊಬೆಲ್ ಪಡೆದವರು. 1968ರಲ್ಲಿ ಬಂದ ಅವರ ಮೊದಲ ಸಂಕಲನದಲ್ಲಿ 'ದಿ ಆಫೀಸ್' ಅಂತ ಒಂದು ಕಥೆ ಇದೆ. ಒಬ್ಬ ಹೆಂಗಸು ಸಂಜೆ ಶರ್ಟಿಗೆ ಇಸ್ತ್ರಿ ಹಾಕುತ್ತಿರುತ್ತಾಳೆ. ಹಾಕುತ್ತಾ ಹಾಕುತ್ತಾ ಅವಳಿಗೆ ಹೊಳೆಯುತ್ತದೆ, ತನಗೆ ಬರೆಯಲಿಕ್ಕೆ ಒಂದು ಆಫೀಸು ಬೇಕು. ಗಂಡಸು ಮನೆಯಲ್ಲೇ ಕೂತು ಕೆಲಸ ಮಾಡಬಹುದು, ಅವನಿಗಾಗಿ ಇಡೀ ಮನೆ ಸದ್ದು ಕಡಿಮೆ ಮಾಡಿಕೊಳ್ಳುತ್ತದೆ. ಹೆಂಗಸು ಬಾಗಿಲು ಹಾಕಿಕೊಂಡರೆ ಅದು ಒಂದು ಅಪರಾಧದ ಹಾಗೆ. ಯಾಕೆಂದರೆ ಮನೆ ಅಂದರೆ ಅವಳೇ. ಸರಿ, ಅವಳು ಒಂದು ಅಂಗಡಿಯ ಮೇಲೆ ಸಣ್ಣ ರೂಮು ಬಾಡಿಗೆಗೆ ಹಿಡಿಯುತ್ತಾಳೆ. ಅಲ್ಲಿ ಮಾಲೀಕ ಬಂದು ಬಂದು ಬಾಗಿಲು ತಟ್ಟುತ್ತಾನೆ. ಒಂದು ದಿನ ಗಿಡ ತಂದುಕೊಡುತ್ತಾನೆ, ಇನ್ನೊಂದು ದಿನ ಟೀಪಾಟು. ಬೇಡ ಅನ್ನೋಕೆ ಅವಳಿಗೆ ಬಾಯಿ ಬರುವುದಿಲ್ಲ. ಕೊನೆಗೆ ಅವನೇ ಅವಳ ಮೇಲೆ ಇಲ್ಲದ್ದೆಲ್ಲ ಹೊರಿಸಿ ರಂಪ ಮಾಡುತ್ತಾನೆ, ಅವಳು ಖಾಲಿ ಮಾಡಿಕೊಂಡು ಬರುತ್ತಾಳೆ.

ಈ ಕಥೆಯನ್ನು ನಮ್ಮಲ್ಲಿ ವರ್ಕ್ ಫ್ರಮ್ ಹೋಮ್ ಮಾಡುವ ಯಾವ ಹೆಂಗಸಿಗಾದರೂ ಕೊಡಿ. ವಿವರಿಸಬೇಕಾಗಿಲ್ಲ. ಗಂಡ ಬೇಸ್‌ಮೆಂಟಿನಲ್ಲಿ ಮೀಟಿಂಗ್‌ನಲ್ಲಿದ್ದರೆ "ಶ್, ಅಪ್ಪ ಕೆಲಸ ಮಾಡ್ತಿದ್ದಾರೆ" ಅನ್ನುವ ಮಕ್ಕಳೇ, ಅಮ್ಮ ಮೀಟಿಂಗ್‌ನಲ್ಲಿದ್ದಾಗ ಬಂದು ಸಾಕ್ಸ್ ಎಲ್ಲಿ ಅಂತ ಕೇಳುತ್ತಾರೆ, ಅಲ್ವಾ?

ಇಲ್ಲಿ ಒಂದು ಮಾತು. ಟೈಮ್ ಇಲ್ಲದವರು ಸಣ್ಣಕಥೆ ಓದಲಿ, ಕಾದಂಬರಿ ಬೇಡ ಅಂತ ಎಲ್ಲರೂ ಸಲಹೆ ಕೊಡುತ್ತಾರೆ. ನನ್ನ ಪ್ರಕಾರ ಇದು ಉಲ್ಟಾ. ಮನ್ರೋ ಅವರ ಕಥೆಯನ್ನು ತುಂಡು ತುಂಡಾಗಿ ಓದಲಿಕ್ಕೆ ಆಗುವುದಿಲ್ಲ. ಒಂದು ಪ್ಯಾರಾದಿಂದ ಇನ್ನೊಂದಕ್ಕೆ ಮೂವತ್ತು ವರ್ಷ ದಾಟಿಬಿಡುತ್ತಾರೆ. ನಡುವೆ ನೀವು ಎದ್ದು ಕುಕ್ಕರ್ ಆರಿಸಿ ಬಂದರೆ, ಯಾರು ಯಾರ ಮಗಳು ಅನ್ನೋದೇ ತಪ್ಪಿಹೋಗುತ್ತದೆ. ಅವಕ್ಕೆ ಎಲ್ಲರೂ ಮಲಗಿದ ಮೇಲಿನ ಒಂದು ಗಂಟೆ ಬೇಕು. ದಪ್ಪ ಕಾದಂಬರಿ ಹಾಗಲ್ಲ. ಎಲ್ಲಿ ಬಿಟ್ಟಿರೋ ಅಲ್ಲೇ ಇರುತ್ತದೆ. ಎರಡು ದಿನ ಬಿಟ್ಟು ಬಂದರೂ ಆ ಮನೆಯವರು ಇನ್ನೂ ಅದೇ ಹಾಲ್‌ನಲ್ಲಿ ಕೂತಿರುತ್ತಾರೆ.

ಮನೆಯವರು ಅಂದಾಗ ನನಗೆ ಮೊದಲು ನೆನಪಾಗೋದು ರೋಹಿಂಟನ್ ಮಿಸ್ತ್ರಿ ಅವರ 'ಫ್ಯಾಮಿಲಿ ಮ್ಯಾಟರ್ಸ್'. ಮಿಸ್ತ್ರಿ ಬೊಂಬಾಯಿಯಲ್ಲಿ ಹುಟ್ಟಿ 1975ರಲ್ಲಿ ಕೆನಡಾಕ್ಕೆ ಬಂದವರು. ಟೊರೊಂಟೋದಲ್ಲಿ ಬ್ಯಾಂಕ್ ಕೆಲಸ ಮಾಡುತ್ತಾ ಬರೆಯಲು ಶುರು ಮಾಡಿದವರು. ಬೊಂಬಾಯಿಯ ಕಥೆ ಹೇಗೆ ಕೆನಡಾದ ಕಾದಂಬರಿ ಆಗುತ್ತೆ ಅಂತ ಕೆಲವರು ಕೇಳುತ್ತಾರೆ. ಇಲ್ಲಿ ಕೂತು, ಇಲ್ಲಿನ ಚಳಿಯಲ್ಲಿ, ಬಿಟ್ಟುಬಂದ ಊರಿನ ಒಂದೊಂದು ಮೆಟ್ಟಿಲನ್ನೂ ನೆನೆಸಿಕೊಂಡು ಬರೆದದ್ದು ಇಲ್ಲಿನ ಕಾದಂಬರಿಯೇ. ನಾವೂ ಇಲ್ಲಿ ಕೂತು ಅದನ್ನೇ ಮಾಡುತ್ತೇವೆ, ಬರೆಯುವುದಿಲ್ಲ ಅಷ್ಟೇ.

2002ರಲ್ಲಿ ಬಂದ ಪುಸ್ತಕ ಇದು. ನರಿಮನ್ ವಕೀಲ್ ಅಂತ 79 ವರ್ಷದ ಪಾರ್ಸಿ ಅಜ್ಜ, ನಿವೃತ್ತ ಇಂಗ್ಲಿಷ್ ಪ್ರೊಫೆಸರ್, ಕೈಕಾಲು ನಡುಗುವ ಪಾರ್ಕಿನ್ಸನ್ಸ್ ಕಾಯಿಲೆ ಇದೆ. ಒಂದು ದಿನ ಬಿದ್ದು ಕಾಲು ಮುರಿದುಕೊಳ್ಳುತ್ತಾರೆ. ದೊಡ್ಡ ಮನೆಯಲ್ಲಿರುವ ಮಲಮಕ್ಕಳಿಗೆ ನೋಡಿಕೊಳ್ಳಲಿಕ್ಕೆ ಆಗುವುದಿಲ್ಲ. ಸಣ್ಣ ಫ್ಲ್ಯಾಟಿನಲ್ಲಿ ಗಂಡ, ಇಬ್ಬರು ಗಂಡುಮಕ್ಕಳ ಜೊತೆ ಇರುವ ಮಗಳು ರೊಕ್ಸಾನಾ ಹತ್ತಿರ ತಂದು ಬಿಡುತ್ತಾರೆ. ಅಲ್ಲಿಂದ ಮುಂದೆ ಕಾದಂಬರಿ ಪೂರ್ತಿ ಯಾರು ಎಲ್ಲಿ ಮಲಗಬೇಕು, ಬೆಡ್‌ಪ್ಯಾನ್ ಯಾರು ತೆಗೆಯಬೇಕು, ತಿಂಗಳ ಕೊನೆಗೆ ಬೆಣ್ಣೆಯ ದುಡ್ಡು ಸಾಲುತ್ತಾ, ಇದರ ಮೇಲೇ ನಡೆಯುತ್ತದೆ. ರೊಕ್ಸಾನಾ ಮನೆ ಖರ್ಚಿನ ದುಡ್ಡನ್ನು ಬೇರೆ ಬೇರೆ ಲಕೋಟೆಗಳಲ್ಲಿ ಹಾಕಿ ಇಡುತ್ತಾಳೆ. ದೊಡ್ಡ ಹುಡುಗ ಬಾಲ್ಕನಿಯಲ್ಲಿ ಟೆಂಟ್ ಹಾಕಿಕೊಂಡು ಮಲಗುತ್ತಾನೆ. ಚಿಕ್ಕವನು ಜಹಾಂಗೀರ್, 9 ವರ್ಷ. ಅಮ್ಮನ ಲಕೋಟೆ ಖಾಲಿಯಾಗೋದನ್ನು ನೋಡಲಾರದೆ ಸ್ಕೂಲಿನಲ್ಲಿ ಹೋಮ್‌ವರ್ಕ್ ಮಾನಿಟರ್ ಆಗಿರುವ ಅವನು ಹುಡುಗರಿಂದ ಲಂಚ ತೆಗೆದುಕೊಳ್ಳಲಿಕ್ಕೆ ಶುರು ಮಾಡುತ್ತಾನೆ. ಇದೇ ಹುಡುಗ ಅಜ್ಜನಿಗೆ ಚಮಚದಲ್ಲಿ ಊಟ ಮಾಡಿಸುವ ಒಂದು ದೃಶ್ಯ ಇದೆ. ಅವನು ತಿನ್ನಿಸುತ್ತಾನೆ, ಅಜ್ಜ ಬಾಯಿ ತೆರೆಯುತ್ತಾರೆ, ಇಬ್ಬರಿಗೂ ಖುಷಿ, ತಾಯಿ ದೂರದಿಂದ ನೋಡುತ್ತಾಳೆ. ಆ ಪುಟದಲ್ಲಿ ನಾನು ಪುಸ್ತಕ ಮುಚ್ಚಿಟ್ಟು ನಮ್ಮ ಮನೆಯ ಹಾಲ್ ಕಡೆ ನೋಡಿದ್ದೆ. ನಮ್ಮ ಮಾವನಿಗೆ ಕೈ ನಡುಗುತ್ತದೆ. ನನ್ನ ಮಗ ಅವರ ಕಾಫಿ ಲೋಟವನ್ನು ಅರ್ಧ ಮಾತ್ರ ತುಂಬಿಸಿ ಕೊಡುತ್ತಾನೆ. ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಅದನ್ನು ನಾನು ಗಮನಿಸಿದ್ದೇ ಈ ಪುಸ್ತಕ ಓದುವಾಗ.

ಇನ್ನು ಮಾರ್ಗರೆಟ್ ಲಾರೆನ್ಸ್ ಅವರ 'ದಿ ಸ್ಟೋನ್ ಏಂಜಲ್', 1964. ಹೇಗರ್ ಶಿಪ್ಲಿ, 90 ವರ್ಷದ ಮುದುಕಿ. ಹಟಮಾರಿ, ಮಾತು ಕಟುವಾಗಿದೆ, ಸೋಲು ಒಪ್ಪಿಕೊಂಡ ಜನ್ಮವೇ ಅಲ್ಲ. ಮಗ ಮಾರ್ವಿನ್, ಸೊಸೆ ಡೋರಿಸ್, ಇಬ್ಬರಿಗೂ ವಯಸ್ಸಾಗಿದೆ. ರಾತ್ರಿ ಹಾಸಿಗೆ ಒದ್ದೆಯಾಗುತ್ತದೆ. ಬೆಡ್‌ಶೀಟ್ ಒಗೆದು ಒಗೆದು ಡೋರಿಸ್‌ಗೆ ಸಾಕಾಗಿದೆ. ನಾನಾದರೆ ಯಾರ ಪರ? ಡೋರಿಸ್ ಪರ. ಸೊಸೆಯಾಗಿ ಓದಿದರೆ ಹಾಗೇ ಅನ್ನಿಸೋದು. ಆದರೆ ಲಾರೆನ್ಸ್ ಕಥೆ ಹೇಳಿಸುವುದು ಮುದುಕಿಯ ಬಾಯಲ್ಲಿ. ಹಾಸಿಗೆ ಒದ್ದೆ ಮಾಡಿದ್ದೀರಿ ಅಂತ ಬೇರೆಯವರು ಹೇಳಿದಾಗ ಒಳಗೆ ಏನಾಗುತ್ತದೆ ಅನ್ನೋದನ್ನು ಅಲ್ಲಿಂದ ತೋರಿಸುತ್ತಾರೆ.

ಈ ಕಥೆಯನ್ನು ನಾನು ಅತ್ತೆಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಅವರು ಬೀನ್ಸ್ ಹೆಚ್ಚುತ್ತಾರೆ, ನಾನು ಚಪಾತಿ ಲಟ್ಟಿಸುತ್ತಾ ಹಿಂದಿನ ರಾತ್ರಿ ಓದಿದ್ದನ್ನು ಹೇಳುತ್ತೇನೆ. ಸಂಜೆಯ ಧಾರಾವಾಹಿ ಥರ ಆಗಿಬಿಟ್ಟಿತು. "ಆ ಮುದುಕಿ ಏನು ಮಾಡಿದಳು ಇವತ್ತು?" ಅಂತ ಅವರೇ ಕೇಳುತ್ತಿದ್ದರು. ಮಗ ಸೊಸೆ ಸುಮ್ನೆ ಕಾರಲ್ಲಿ ಸುತ್ತಾಡಿಸುತ್ತೇವೆ ಅಂತ ಕರೆದುಕೊಂಡು ಹೋಗಿ ವೃದ್ಧಾಶ್ರಮ ತೋರಿಸುವ ಭಾಗ ಬಂದಾಗ ಅತ್ತೆ ಚಾಕು ಕೆಳಗಿಟ್ಟರು. "ಕೇಳಿ ಕರ್ಕೊಂಡು ಹೋಗಬಾರದಿತ್ತಾ? ಬೈದರೆ ಬೈಸಿಕೊಳ್ಳಬೇಕಿತ್ತು" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನನಗೂ ಏನಾದ್ರೂ ಮಾಡೋದಿದ್ರೆ ಮೊದಲು ಕೇಳು, ಆಯ್ತಾ" ಅಂದರು. ಇಂಥ ಮಾತು ನಮ್ಮ ಮನೆಗಳಲ್ಲಿ ನೇರವಾಗಿ ಬರುವುದೇ ಇಲ್ಲ. ಹೇಗರ್ ಶಿಪ್ಲಿ ನಡುವೆ ಬಂದು ಕೂತದ್ದಕ್ಕೆ ಅದು ಬಂತು. ಇಂಗ್ಲಿಷ್ ಓದಲು ಬಾರದ ಹಿರಿಯರಿಗೆ ಪುಸ್ತಕ ಬೇಕಿಲ್ಲ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಹೇಳಿ ಅವರಿಗೆ. ಕಥೆ ಕೇಳುವುದರಲ್ಲಿ ಅವರು ನಮಗಿಂತ ಪಳಗಿದವರು.

ಅನಿತಾ ರಾವ್ ಬಾದಾಮಿ ಅವರ ಹೆಸರು ನಮ್ಮವರಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ, ಅದು ನನಗೆ ಬೇಜಾರು. ಕನ್ನಡ ಮಾತಾಡುವ ಕುಟುಂಬದಲ್ಲಿ, ಒಡಿಶಾದ ರೂರ್ಕೆಲಾದಲ್ಲಿ ಹುಟ್ಟಿ, 1991ರಲ್ಲಿ ಕೆನಡಾಕ್ಕೆ ಬಂದವರು. ಅವರ 'ದಿ ಹೀರೋಸ್ ವಾಕ್' 2016ರಲ್ಲಿ ಕೆನಡಾದ ಸಾರ್ವಜನಿಕ ರೇಡಿಯೋ, ಟಿವಿ ಸಂಸ್ಥೆ ಸಿಬಿಸಿ ನಡೆಸುವ 'ಕೆನಡಾ ರೀಡ್ಸ್' ಅನ್ನೋ ಪುಸ್ತಕ ಚರ್ಚೆಯ ಸ್ಪರ್ಧೆಯ ಐದು ಪುಸ್ತಕಗಳಲ್ಲಿ ಒಂದಾಗಿತ್ತು. ತನ್ನ ಇಷ್ಟದವನನ್ನು ಮದುವೆಯಾದಳು ಅಂತ ಅಪ್ಪ ಶ್ರೀಪತಿ ರಾವ್ ವರ್ಷಗಟ್ಟಲೆ ಮಗಳ ಜೊತೆ ಮಾತು ಬಿಟ್ಟಿರುತ್ತಾನೆ. ಆಮೇಲೆ ವ್ಯಾಂಕೂವರ್‌ನಿಂದ ಫೋನ್ ಬರುತ್ತದೆ, ಮಗಳು ಅಳಿಯ ಆಕ್ಸಿಡೆಂಟಿನಲ್ಲಿ ಹೋದರು ಅಂತ. ಏಳು ವರ್ಷದ ಮೊಮ್ಮಗಳು ನಂದನಾಳನ್ನು ಅವನು ಊರಿಗೆ ಕರೆತರಬೇಕು. ಅವಳು ಮಾತೇ ಆಡುವುದಿಲ್ಲ. ವೀಕೆಂಡಿನಲ್ಲಿ ಊರಿಗೆ ಫೋನ್ ಮಾಡುವಾಗ ಯಾರದೋ ಹೆಸರು ಎತ್ತದೆ ಮಾತು ಮುಗಿಸುವ ಮನೆಗಳು ನಮ್ಮಲ್ಲೂ ಇವೆ. ಅವರು ಇದನ್ನು ಓದಬೇಕು. ಓದಿ ಫೋನ್ ಎತ್ತಬೇಕು.

ಈಗ ಕಷ್ಟದ ಮಾತು. ಮನ್ರೋ 2024ರ ಮೇನಲ್ಲಿ ತೀರಿಕೊಂಡರು. ಎರಡೇ ತಿಂಗಳಿಗೆ, ಜುಲೈಯಲ್ಲಿ, ಅವರ ಕಿರಿಯ ಮಗಳು 'ಟೊರೊಂಟೋ ಸ್ಟಾರ್'ನಲ್ಲಿ ಬರೆದರು. ಮಲತಂದೆ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದ, ಆಗ ತನಗೆ 9 ವರ್ಷ, 1992ರಲ್ಲಿ ಅಮ್ಮನಿಗೆ ಕಾಗದ ಬರೆದು ತಿಳಿಸಿದೆ, ಅಮ್ಮ ಕೆಲವು ಕಾಲ ದೂರ ಇದ್ದು ಮತ್ತೆ ಅವನ ಹತ್ತಿರವೇ ಹೋದಳು. ಅವನು 2005ರಲ್ಲಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ಅವನು ಸಾಯುವವರೆಗೂ ಮನ್ರೋ ಜೊತೆಗೇ ಇದ್ದರು.

ಈ ಸುದ್ದಿ ಓದಿದ ದಿನ ಮನೆಯಲ್ಲಿ ಹದಿನಾಲ್ಕು ವರ್ಷದ ಮಗಳು ಇದ್ದಳು. ಶೆಲ್ಫಿನಲ್ಲಿ ಮನ್ರೋ ಪುಸ್ತಕಗಳು ಇದ್ದವು. ಕೃತಿ ಬೇರೆ, ಬರೆದವರು ಬೇರೆ ಅಂತ ತುಂಬಾ ಜನ ಆರಾಮಾಗಿ ಹೇಳಿದರು. ನನಗೆ ಅದು ಸಾಲುವುದಿಲ್ಲ. ಇಷ್ಟು ಹೊತ್ತು ಈ ಪುಸ್ತಕಗಳು ಮನೆಯ ಬಗ್ಗೆ ಅಂತ ಹೇಳಿ, ಬರೆದವರ ಮನೆಯ ವಿಷಯ ಬಂದಾಗ ಮಾತ್ರ ಕಣ್ಣು ಮುಚ್ಚಿಕೊಳ್ಳಲಿಕ್ಕೆ ಆಗುತ್ತಾ? ಅವರ 'ವ್ಯಾಂಡಲ್ಸ್' ಕಥೆಯನ್ನು ಮತ್ತೆ ಓದಿದೆ. ಮಕ್ಕಳಿಗೆ ಕೇಡು ಮಾಡುವ ಗಂಡಸು, ಅವನ ಪಕ್ಕದಲ್ಲಿ ಎಲ್ಲ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುವ ಹೆಂಗಸು, ಆ ಮಗು ದೊಡ್ಡವಳಾಗಿ ಬಂದು ಆ ಮನೆಯನ್ನು ಪುಡಿ ಪುಡಿ ಮಾಡುತ್ತಾಳೆ. ಕಾಗದದ ಮೇಲೆ ಇಷ್ಟು ಚೆನ್ನಾಗಿ ಅರ್ಥವಾಗಿತ್ತು ಅವರಿಗೆ. ಅದಕ್ಕೇ ಹೆಚ್ಚು ಸಿಟ್ಟು ಬರುತ್ತದೆ.

ನಾನು ಪುಸ್ತಕಗಳನ್ನು ಎಸೆದಿಲ್ಲ. ಆದರೆ ನಮ್ಮ ಮನೆಯಲ್ಲಿ ಒಂದು ಕ್ರಮ ಇದೆ. ಮೊದಲು ಆ ಮಗಳು ಬರೆದದ್ದನ್ನು ಓದಬೇಕು, ಆಮೇಲೆ ತಾಯಿಯ ಕಥೆ. ನನ್ನ ಮಗಳು ಆ ಲೇಖನ ಓದಿ ಕೇಳಿದ ಮೊದಲ ಪ್ರಶ್ನೆ, "ನಾನು ಹೇಳಿದ್ದರೆ ನೀನು ನಂಬುತ್ತಿದ್ದೆಯಾ ಅಮ್ಮಾ?" ನಂಬುತ್ತಿದ್ದೆ, ಆ ದಿನವೇ ಅವನನ್ನು ಹೊರಗೆ ಹಾಕುತ್ತಿದ್ದೆ, ಅವನು ಯಾರೇ ಆಗಿರಲಿ ಅಂತ ಹೇಳಿದೆ. ಅವಳ ತಮ್ಮ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದ. ಅವನನ್ನು ಏಳಿಸಿ ಕಳಿಸಲಿಲ್ಲ.

ಇಷ್ಟೂ ಪುಸ್ತಕಗಳನ್ನು ದುಡ್ಡು ಕೊಟ್ಟು ಕೊಳ್ಳಬೇಕಾಗಿಲ್ಲ. ಇಲ್ಲಿರುವವರು ನಿಮ್ಮ ಊರಿನ ಪಬ್ಲಿಕ್ ಲೈಬ್ರರಿಯಲ್ಲಿ ಹೋಲ್ಡ್ ಹಾಕಿ, ಅಂದರೆ ಪುಸ್ತಕವನ್ನು ನಿಮ್ಮ ಹೆಸರಿಗೆ ಕಾಯ್ದಿರಿಸಿ, ಕಾರ್ಡ್ ಫ್ರೀ. ಮೊದಲು ಮಿಸ್ತ್ರಿ ತನ್ನಿ, ಮನ್ರೋ ಕೊನೆಗೆ ಇರಲಿ. ಮುಂದಿನ ಸಲ ಕ್ಯಾರಲ್ ಶೀಲ್ಡ್ಸ್ ಅವರ 'ದಿ ಸ್ಟೋನ್ ಡೈರೀಸ್' ಬಗ್ಗೆ ಮಾತಾಡುತ್ತೇನೆ. ಐದು ಮಕ್ಕಳ ತಾಯಿ ಅವರು, ಈ ಕಾದಂಬರಿಗೆ 1995ರಲ್ಲಿ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಬಂತು. ಅದು ಶುರುವಾಗುವುದು ಮ್ಯಾನಿಟೋಬಾದ ಒಂದು ಅಡುಗೆಮನೆಯಲ್ಲಿ, ಗಂಡನಿಗಾಗಿ ಪುಡ್ಡಿಂಗ್ ಮಾಡುತ್ತಾ ನಿಂತ ಹೆಂಗಸಿನಿಂದ. ಅತ್ತೆಗೆ ಇವತ್ತು ಸಂಜೆ ಹೇಳಲಿಕ್ಕೆ ಶುರು ಮಾಡುತ್ತೇನೆ. ನೀವೂ ಓದಿಕೊಂಡು ಬನ್ನಿ.