ಮಗುವಿನ ಸ್ಟಿಕ್‌ಗೆ ಪಕ್ ಎಷ್ಟು ಹೊತ್ತು ಸಿಗುತ್ತದೆ?

ಎಲ್ಲರಿಗೂ ನಮಸ್ಕಾರ.

ಐಸ್ ಹಾಕಿಯ ಪಕ್ ಅಂದರೆ ಗಟ್ಟಿ ರಬ್ಬರಿನ ಒಂದು ಬಿಲ್ಲೆ. 3 ಇಂಚು ಅಗಲ, 1 ಇಂಚು ದಪ್ಪ, ಹೆಚ್ಚುಕಮ್ಮಿ 170 ಗ್ರಾಂ ತೂಕ. ಪುಟ್ಟ ಮಕ್ಕಳಿಗಾಗಿ ನೀಲಿ ಬಣ್ಣದ ಇನ್ನೊಂದು ಪಕ್ ಇದೆ. ಅದರ ತೂಕ ಸುಮಾರು 113 ಗ್ರಾಂ. ಕೇಳುವವರಿಗೆ ಇದು ಸಣ್ಣ ವ್ಯತ್ಯಾಸ. ಆದರೆ ಏಳು ವರ್ಷದ ಮಗು ಭಾರದ ಪಕ್ ಅನ್ನು ಮೇಲೆತ್ತಿ ಹೊಡೆಯಲು ಹೋದರೆ ಇಡೀ ಮೈಯನ್ನು ತಿರುಚುತ್ತದೆ. ಆ ತಪ್ಪು ಹಾಗೇ ಮೈಗೆ ಹತ್ತಿಬಿಡುತ್ತದೆ. ಹಗುರವಾದದ್ದು ಕೊಟ್ಟರೆ ಮಣಿಕಟ್ಟಿನಿಂದ ಹೊಡೆಯುವುದನ್ನು ತಾನಾಗೇ ಕಲಿಯುತ್ತದೆ. ಮಕ್ಕಳೆಂದರೆ ಎತ್ತರ ಕಮ್ಮಿ ಇರುವ ದೊಡ್ಡವರು ಅಂತ ಈ ಆಟ ಬಹಳ ಕಾಲ ನಂಬಿಕೊಂಡಿತ್ತು. ಆ ನಂಬಿಕೆ ಈಗ ಸಡಿಲವಾಗುತ್ತಿದೆ. ಎಲ್ಲಿ ಸಡಿಲವಾಗಿದೆ, ಎಲ್ಲಿ ಇನ್ನೂ ಬಿಗಿಯಾಗೇ ಇದೆ ಅನ್ನುವುದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಒಳಾಂಗಣದಲ್ಲಿ ಮೊದಲ ವ್ಯವಸ್ಥಿತ ಪಂದ್ಯ ನಡೆದದ್ದು 1875ರ ಮಾರ್ಚ್ 3ರಂದು, ಮಾಂಟ್ರಿಯಲ್‌ನಲ್ಲಿ. ಆಮೇಲೂ ಎಷ್ಟೋ ದಶಕ ಕೆನಡಾದ ಮಕ್ಕಳು ಆಟ ಕಲಿತದ್ದು ಹೊರಗೇ. ಹೆಪ್ಪುಗಟ್ಟಿದ ಕೆರೆ, ನದಿ, ಇಲ್ಲವೇ ಮನೆಯ ಹಿತ್ತಲು. ಐಸ್ ಹಾಕಿಯ ದಂತಕಥೆ ವೇಯ್ನ್ ಗ್ರೆಟ್ಸ್ಕಿ ಬೆಳೆದದ್ದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಬ್ರಾಂಟ್‌ಫರ್ಡ್‌ನಲ್ಲಿ. ಅಪ್ಪ ವಾಲ್ಟರ್ ಹಿತ್ತಲಿಗೆ ನೀರು ಬಿಟ್ಟು, ಅದು ಗಟ್ಟಿಯಾದ ಮೇಲೆ ಮಗನನ್ನು ಅದರ ಮೇಲೆ ಬಿಡುತ್ತಿದ್ದರು. ಹತ್ತನೇ ವಯಸ್ಸಿಗೆ ಆ ಹುಡುಗ ಒಂದೇ ಋತುವಿನಲ್ಲಿ 378 ಗೋಲು ಹೊಡೆದ. ಎಲ್ಲರೂ ಆ 378 ಅನ್ನು ನೆನಪಿಡುತ್ತಾರೆ. ನನಗೆ ಮಾತ್ರ ಆ ಹಿತ್ತಲೇ ಕಣ್ಣಿಗೆ ಬರುತ್ತದೆ. ಅಲ್ಲಿ ಸರದಿ ಸಾಲು ಇರಲಿಲ್ಲ. ಗಡಿಯಾರ ಇರಲಿಲ್ಲ. ಬೇಕಾದಷ್ಟು ಹೊತ್ತು ಪಕ್ ಅವನ ಸ್ಟಿಕ್ಕಿನ ಮೇಲೇ ಇರುತ್ತಿತ್ತು.

ಆ ಹಿತ್ತಲು ಈಗ ಕಮ್ಮಿಯಾಗುತ್ತಿದೆ. ಚಳಿಗಾಲವೇ ಬದಲಾಗಿದೆ. ಒಟ್ಟಾವಾ ನಗರದ ರೀಡೋ ಕಾಲುವೆಯಲ್ಲಿ ಚಳಿಗಾಲ ಬಂತೆಂದರೆ 7.8 ಕಿಲೋಮೀಟರ್ ಉದ್ದಕ್ಕೂ ಜನ ಸ್ಕೇಟ್ ಮಾಡುತ್ತಾರೆ. 2022-23ರಲ್ಲಿ ಅಲ್ಲಿನ ಐಸ್ ಸಾಕಷ್ಟು ದಪ್ಪ ಕಟ್ಟಲೇ ಇಲ್ಲ. ಆ ಹಾದಿ ಶುರುವಾದ ಮೇಲೆ ಒಂದು ಇಡೀ ಋತು ತೆರೆಯದೇ ಹೋದದ್ದು ಅದೇ ಮೊದಲು. ಅಷ್ಟು ಉದ್ದದ ಕಾಲುವೆಯ ಕಥೆಯೇ ಹೀಗಾದರೆ ಹಿತ್ತಲಿನ ಐಸ್ ಎಷ್ಟು ದಿನ ನಿಂತೀತು, ಅಲ್ವಾ?

ಹೊರಗೆ ಐಸ್ ಇಲ್ಲ ಅಂದಾಗ ಮಕ್ಕಳು ಒಳಗಿನ ರಿಂಕ್‌ಗೆ ಬರುತ್ತಾರೆ. ಅಲ್ಲಿ ಐಸ್ ಗಂಟೆ ಲೆಕ್ಕದಲ್ಲಿ ಸಿಗುತ್ತದೆ. ನೆಲವನ್ನು ದಿನವಿಡೀ ತಣ್ಣಗೆ ಇಡಬೇಕು, ಜಾಂಬೋನಿ ಓಡಿಸಿ ಮೇಲ್ಮೈ ನುಣುಪು ಮಾಡಬೇಕು, ಕರೆಂಟ್ ಬಿಲ್ ಕಟ್ಟಬೇಕು. ಆ ಖರ್ಚೆಲ್ಲ ಕೊನೆಗೆ ಅಪ್ಪ ಅಮ್ಮನ ಜೇಬಿಗೆ ಬರುತ್ತದೆ. ಹಣ ಕೊಟ್ಟವರಿಗೆ ಅದಕ್ಕೆ ತಕ್ಕ ಪಂದ್ಯ ನೋಡುವ ಆಸೆ. ಅದೂ ಟಿವಿಯಲ್ಲಿ ಕಾಣುವಂಥ ಪಂದ್ಯ. ಎಂಟು ವರ್ಷದ ಮಕ್ಕಳನ್ನು 200 ಅಡಿ ಉದ್ದ, 85 ಅಡಿ ಅಗಲದ ಪೂರ್ತಿ ರಿಂಕ್‌ಗೆ ಇಳಿಸುವ ರೂಢಿ ಉಳಿದದ್ದೇ ಹೀಗೆ.

ಅಂಥ ಒಂದು ಪಂದ್ಯವನ್ನು ನಾನು ಗಾಜಿನ ಹೊರಗೆ ನಿಂತು ನೋಡಿದ್ದೇನೆ. ಒಬ್ಬಳೇ ಹುಡುಗಿಯ ಮೇಲೆ ಕಣ್ಣಿಟ್ಟಿದ್ದೆ. ಎಲ್ಲರಿಗಿಂತ ಬೇಗ ಬೆಳೆದ ಒಬ್ಬ ಹುಡುಗ ಪಕ್ ತಗೊಂಡು ಓಡುತ್ತಿದ್ದ. ಉಳಿದ ಒಂಬತ್ತು ಜನ ಅವನ ಹಿಂದೆ. ಇವಳು ಈ ಕಡೆ ಬರುವಷ್ಟರಲ್ಲಿ ಆಟ ಆ ಕಡೆ ಹೋಗಿರುತ್ತಿತ್ತು. ಮತ್ತೆ ತಿರುಗಿ ಓಡುವಷ್ಟರಲ್ಲಿ ಶಿಫ್ಟ್, ಅಂದರೆ ಐಸ್ ಮೇಲೆ ಅವಳ ಸರದಿ, ಮುಗಿದು ಬೆಂಚಿಗೆ ಕರೆ. ಇಡೀ ಪಂದ್ಯದಲ್ಲಿ ಪಕ್ ಅವಳ ಸ್ಟಿಕ್ಕಿಗೆ ತಗುಲಿದ್ದನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಆದರೂ ಹೊರಗೆ ಬಂದಾಗ ಅವಳ ಮುಖದಲ್ಲಿ ಬೆವರು, ನಗು ಎರಡೂ ಇತ್ತು. ಆ ನಗು ಎಷ್ಟು ವರ್ಷ ಉಳಿದೀತು ಅಂತ ನನಗೆ ಅಳುಕಾಯಿತು.

ಇದನ್ನು ಸರಿಮಾಡಲು ಅಮೆರಿಕದ ಹಾಕಿ ಸಂಸ್ಥೆ ಯುಎಸ್ಎ ಹಾಕಿ 2009ರಲ್ಲಿ ಒಂದು ಹೊಸ ತರಬೇತಿ ಕ್ರಮ ತಂದಿತು. ಅಮೆರಿಕನ್ ಡೆವಲಪ್‌ಮೆಂಟ್ ಮಾಡೆಲ್ ಅಂತ ಅದರ ಹೆಸರು. ಎಂಟು ವರ್ಷದೊಳಗಿನವರಿಗೆ ರಿಂಕ್ ಅನ್ನು ಅಡ್ಡಕ್ಕೆ ಭಾಗ ಮಾಡಿ, ಚಿಕ್ಕ ಜಾಗದಲ್ಲಿ ಕಡಿಮೆ ಮಕ್ಕಳನ್ನು ಆಡಿಸುವುದು ಅದರ ತಿರುಳು. ಒಂದೇ ಗಂಟೆಯ ಐಸ್ ಅನ್ನು ಎರಡು ಮೂರು ತಂಡ ಹಂಚಿಕೊಳ್ಳುತ್ತವೆ. ಖರ್ಚೂ ಹಂಚಿ ಹೋಗುತ್ತದೆ. ಕೆನಡಾ ಇದಕ್ಕೆ ಬಂದದ್ದು ತಡವಾಗಿ. ಚಿಕ್ಕ ಮಕ್ಕಳು ಅರ್ಧ ರಿಂಕ್‌ನಲ್ಲೇ ಆಡಬೇಕು ಅನ್ನುವ ಮಾತು ಅಲ್ಲಿ ಗಟ್ಟಿಯಾದದ್ದು ಈ ಹತ್ತು ವರ್ಷಗಳಲ್ಲಿ.

ಪೋಷಕರಿಂದ ಎರಡೂ ದೇಶಗಳಲ್ಲಿ ವಿರೋಧ ಬಂತು. ಇದೂ ಒಂದು ಹಾಕಿನಾ, ಆಫ್‌ಸೈಡ್ ಯಾವಾಗ ಕಲಿಯುತ್ತಾರೆ, ವೇಗ ಹೇಗೆ ಬರುತ್ತದೆ ಅಂತೆಲ್ಲ ಕೇಳಿದರು. ಇವು ಸುಮ್ನೆ ತಳ್ಳಿಹಾಕುವ ಪ್ರಶ್ನೆಗಳಲ್ಲ. ಆದರೆ ಆಫ್‌ಸೈಡ್ ನಿಯಮವನ್ನು, ಅಂದರೆ ಪಕ್‌ಗಿಂತ ಮೊದಲು ಎದುರಾಳಿಯ ವಲಯಕ್ಕೆ ನುಗ್ಗಬಾರದು ಅನ್ನುವುದನ್ನು, ಹನ್ನೊಂದು ವರ್ಷದ ಮಗುವಿಗೆ ಒಂದು ಸಂಜೆಯಲ್ಲಿ ಕಲಿಸಬಹುದು. ಇಕ್ಕಟ್ಟಿನಲ್ಲಿ ತಲೆ ಎತ್ತಿ, ಮೈ ತಿರುಗಿಸಿ, ಇಬ್ಬರ ಮಧ್ಯದಿಂದ ಪಕ್ ತಪ್ಪಿಸಿಕೊಂಡು ಬರುವುದನ್ನು ಒಂದು ಸಂಜೆಯಲ್ಲಿ ಕಲಿಸಲು ಆಗುವುದಿಲ್ಲ. ಅದು ಸಾವಿರ ಸಲ ಎಡವಿ ಬರುವ ವಿದ್ಯೆ. ಇನ್ನು ವೇಗದ ವಿಷಯ. ಚಿಕ್ಕ ಜಾಗದಲ್ಲಿ ಮಗು ನಿಲ್ಲುತ್ತದೆ, ಮತ್ತೆ ಹೊರಡುತ್ತದೆ, ತಿರುಗುತ್ತದೆ. ವೇಗದ ಬೇರು ಇರುವುದೇ ಆ ಮೊದಲ ಮೂರು ಹೆಜ್ಜೆಗಳಲ್ಲಿ.

ಇದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ಆಸ್ಟನ್ ಮ್ಯಾಥ್ಯೂಸ್. ಈ ಹುಡುಗ ಬೆಳೆದದ್ದು ಅರಿಜೋನಾದ ಮರುಭೂಮಿಯಲ್ಲಿ. ಅಲ್ಲಿ ಕೆರೆ ಹೆಪ್ಪುಗಟ್ಟುವ ಮಾತೇ ಇಲ್ಲ. 1996ರಲ್ಲಿ ಕೆನಡಾದ ವಿನ್ನಿಪೆಗ್‌ನ ಎನ್ಎಚ್ಎಲ್ ತಂಡ ಅರಿಜೋನಾದ ಫೀನಿಕ್ಸ್‌ಗೆ ಬಂದು ಕಯೋಟೀಸ್ ಆಯಿತು. ಎನ್ಎಚ್ಎಲ್ ಅಂದರೆ ಅಮೆರಿಕ, ಕೆನಡಾದ ತಂಡಗಳು ಆಡುವ ದೊಡ್ಡ ವೃತ್ತಿಪರ ಲೀಗ್. ಆ ತಂಡದ ಪಂದ್ಯ ನೋಡಿಯೇ ಅವನಿಗೆ ಆಟದ ಹುಚ್ಚು ಹತ್ತಿದ್ದು. ಚಿಕ್ಕವನಿದ್ದಾಗ ಒಂದು ಪುಟ್ಟ ರಿಂಕ್‌ನಲ್ಲಿ, ಮೂರು ಮೂರು ಜನರ ಆಟದಲ್ಲಿ ಗಂಟೆಗಟ್ಟಲೆ ಕಳೆದ. ಎನ್ಎಚ್ಎಲ್ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. 2016ರ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಅವನನ್ನೇ ಆರಿಸಿದರು. ಅದೂ ಒಂದು ವರ್ಷ ತಡವಾಗಿ. ಡ್ರಾಫ್ಟ್‌ಗೆ ವಯಸ್ಸು ತುಂಬಲು ಸೆಪ್ಟೆಂಬರ್ 15ರ ಗಡಿ, ಅವನು ಹುಟ್ಟಿದ್ದು ಸೆಪ್ಟೆಂಬರ್ 17ಕ್ಕೆ. ಆ ವರ್ಷವನ್ನು ಅವನು ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್‌ನಲ್ಲಿ ದೊಡ್ಡವರ ಜೊತೆ ಆಡಿ ಕಳೆದ. ಆದರೆ ಅವನಲ್ಲಿ ಆಸೆ ಹುಟ್ಟಿಸಿದ ತಂಡವೇ 2024ರಲ್ಲಿ ಅರಿಜೋನಾ ಬಿಟ್ಟಿತು. ಅದರ ಆಟಗಾರರೆಲ್ಲ ಯೂಟಾಗೆ ಹೋದರು. ಅರಿಜೋನಾದ ಮಕ್ಕಳಿಗೆ ಈಗ ನೋಡಿ ಆಸೆಪಡಲು ಊರಿನ ಎನ್ಎಚ್ಎಲ್ ತಂಡ ಇಲ್ಲ. ನನಗೆ ಇದು ನಿಜಕ್ಕೂ ನೋವಿನ ವಿಷಯ.

ಇನ್ನೊಂದು ದೊಡ್ಡ ಬದಲಾವಣೆ ಬಾಡಿ ಚೆಕಿಂಗ್‌ನದು. ಪಕ್ ಇರುವವನಿಗೆ ಮೈಯಿಂದ ಗುದ್ದಿ ಪಕ್ ಬಿಡಿಸುವುದಕ್ಕೆ ಹಾಗನ್ನುತ್ತಾರೆ. ಅದು ಆಟದ ನಿಯಮದೊಳಗೇ ಇದೆ. ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ 11-12 ವರ್ಷದವರಿಗೂ ಇದಕ್ಕೆ ಅವಕಾಶ ಇತ್ತು, ಕ್ವಿಬೆಕ್‌ನಲ್ಲಿ ಇರಲಿಲ್ಲ. ಕ್ಯಾರೊಲಿನ್ ಎಮರಿ ಮತ್ತು ಅವರ ಸಹ ಸಂಶೋಧಕರು ಎರಡೂ ಕಡೆಯ ಮಕ್ಕಳನ್ನು ಹೋಲಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಂದ್ಯದಲ್ಲಿ ಪೆಟ್ಟಾಗುವ, ತಲೆಗೆ ಏಟು ಬಿದ್ದು ಕನ್ಕಷನ್ ಆಗುವ ಅಪಾಯ ಆಲ್ಬರ್ಟಾದಲ್ಲಿ ಮೂರು ಪಟ್ಟಿಗೂ ಜಾಸ್ತಿ ಇತ್ತು. 2011ರಲ್ಲಿ ಅಮೆರಿಕ, 2013ರಲ್ಲಿ ಕೆನಡಾ ಆ ವಯಸ್ಸಿನವರ ಆಟದಿಂದ ಚೆಕಿಂಗ್ ತೆಗೆದುಹಾಕಿದವು.

ಮಕ್ಕಳ ತಲೆ ಕಾಪಾಡಲು ಇದಿಷ್ಟೇ ಕಾರಣ ಸಾಕು. ಆದರೆ ಕಲಿಕೆಯ ಕಡೆಯಿಂದಲೂ ಒಂದು ಮಾತಿದೆ. ಗುದ್ದು ಬೀಳುತ್ತದೆ ಅಂತ ಹೆದರಿದ ಮಗು ಪಕ್ ಬಂದ ತಕ್ಷಣ ಗೋಡೆಗೆ ಬಡಿದು ಕೈತೊಳೆದುಕೊಳ್ಳುತ್ತದೆ. ಆ ಹೆದರಿಕೆ ಇಲ್ಲದಿದ್ದರೆ ಇನ್ನೊಂದು ಕ್ಷಣ ಇಟ್ಟುಕೊಳ್ಳುತ್ತದೆ, ಸುತ್ತ ನೋಡುತ್ತದೆ, ಯಾರಿಗೆ ಕೊಡಲಿ ಅಂತ ಯೋಚಿಸುತ್ತದೆ. ಆ ಒಂದು ಕ್ಷಣದಲ್ಲೇ ಆಟಗಾರ ಹುಟ್ಟುವುದು. ಹಾಗಂತ ಗುದ್ದನ್ನು ತಾಳಿಕೊಳ್ಳುವ ಪಾಠವೇ ಬೇಡ ಅಂತಲ್ಲ. ಗೋಡೆಯ ಹತ್ತಿರ ಮೈ ಹೇಗಿಡಬೇಕು, ಎದುರಾಳಿಯನ್ನು ಕೋನ ಹಿಡಿದು ಮೂಲೆಗೆ ಹೇಗೆ ಒತ್ತಬೇಕು ಅನ್ನುವುದನ್ನು ಮೊದಲೇ ಕಲಿಸಬೇಕು. ಆಮೇಲೆ ಚೆಕಿಂಗ್ ಬಂದಾಗ ಮಗು ಅದಕ್ಕೆ ತಯಾರಾಗಿರುತ್ತದೆ.

ಈಗ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವ ವಿಷಯಕ್ಕೆ ಬರುತ್ತೇನೆ. ಆಯ್ಕೆ. 1980ರ ದಶಕದಲ್ಲಿ ರೋಜರ್ ಬಾರ್ನ್ಸ್ಲಿ ಎಂಬ ಕೆನಡಾದ ಮನಶ್ಶಾಸ್ತ್ರಜ್ಞ ಒಂದು ಜೂನಿಯರ್ ಪಂದ್ಯ ನೋಡಲು ಹೋಗಿದ್ದರು. ಆಟಗಾರರ ಹುಟ್ಟಿದ ದಿನಗಳು ಅಚ್ಚಾಗಿದ್ದ ಹಾಳೆ ನೋಡುತ್ತಿದ್ದ ಅವರ ಹೆಂಡತಿಗೆ ಒಂದು ವಿಚಿತ್ರ ಕಂಡಿತು. ಎಲ್ಲಿ ನೋಡಿದರೂ ಜನವರಿ, ಫೆಬ್ರವರಿ, ಮಾರ್ಚ್. ಆಮೇಲೆ ಬಾರ್ನ್ಸ್ಲಿ ಬೇರೆ ತಂಡಗಳ ಪಟ್ಟಿಗಳನ್ನೂ ತೆಗೆದು ನೋಡಿದರು. ಅಲ್ಲೂ ಅದೇ ಕಥೆ.

ಕಾರಣ ಸರಳ. ವಯಸ್ಸಿನ ಗುಂಪಿಗೆ ಗಡಿ ಜನವರಿ 1. ಜನವರಿಯಲ್ಲಿ ಹುಟ್ಟಿದ ಮಗು, ಡಿಸೆಂಬರ್‌ನಲ್ಲಿ ಹುಟ್ಟಿದ ಮಗು ಒಂದೇ ಗುಂಪಿನಲ್ಲಿ ಆಡುತ್ತವೆ. ಒಂಬತ್ತನೇ ವಯಸ್ಸಿನಲ್ಲಿ ಒಂದು ವರ್ಷ ಅಂದರೆ ಎಷ್ಟು ಎತ್ತರ, ಎಷ್ಟು ಬಲ ಅಂತ ಮಕ್ಕಳನ್ನು ಬೆಳೆಸಿದ ನಿಮಗೇ ಗೊತ್ತು. ಆಯ್ಕೆ ಮಾಡುವವರ ಕಣ್ಣಿಗೆ ದೊಡ್ಡ ಮಗುವೇ ಜಾಣ ಅನ್ನಿಸುತ್ತದೆ. ಅದಕ್ಕೆ ಒಳ್ಳೆಯ ಕೋಚ್, ಜಾಸ್ತಿ ಐಸ್, ಗಟ್ಟಿ ಎದುರಾಳಿಗಳು ಸಿಗುತ್ತಾರೆ. ಐದು ವರ್ಷ ಕಳೆದ ಮೇಲೆ ಆ ಮಗು ನಿಜವಾಗಿಯೂ ಮುಂದೆ ಇರುತ್ತದೆ. ಆಗ ನಾವು ಬೆನ್ನು ತಟ್ಟಿಕೊಳ್ಳುತ್ತೇವೆ, ನೋಡಿ, ಒಂಬತ್ತಕ್ಕೇ ಗುರುತಿಸಿದ್ದೆವು ಅಂತ. ಗುರುತಿಸಿದ್ದು ಹುಟ್ಟಿದ ತಿಂಗಳನ್ನು! ಡಿಸೆಂಬರ್‌ನ ಮಗು ಅಷ್ಟರಲ್ಲಿ ಸ್ಕೇಟ್ಸ್ ಅಟ್ಟಕ್ಕೆ ಹಾಕಿರುತ್ತದೆ.

ಮಾರ್ಟಿನ್ ಸೇಂಟ್ ಲೂಯಿ ನೆನಪಾಗುತ್ತಾರೆ. 5 ಅಡಿ 8 ಇಂಚಿನ ಆಟಗಾರ. ಡ್ರಾಫ್ಟ್‌ನಲ್ಲಿ ಒಂದು ತಂಡವೂ ಅವರನ್ನು ಆರಿಸಲಿಲ್ಲ. ಅದೇ ಮನುಷ್ಯ 2004ರಲ್ಲಿ ಟ್ಯಾಂಪಾ ಬೇ ಪರವಾಗಿ ಎನ್ಎಚ್ಎಲ್‌ನಲ್ಲೇ ಅತಿ ಹೆಚ್ಚು ಪಾಯಿಂಟ್ ಗಳಿಸಿ, ಲೀಗ್‌ನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡು, ಲೀಗ್ ಗೆದ್ದವರಿಗೆ ಸಿಗುವ ಸ್ಟಾನ್ಲಿ ಕಪ್ಪನ್ನೂ ಎತ್ತಿದರು. ದೊಡ್ಡವರ ವಿಷಯದಲ್ಲೇ ಅಷ್ಟು ಅನುಭವಿಗಳ ಅಂದಾಜು ಹೀಗೆ ತಪ್ಪಿದರೆ, ಒಂಬತ್ತು ವರ್ಷದವರ ಬಗ್ಗೆ ಯಾರು ಏನು ಹೇಳಲು ಸಾಧ್ಯ? 2005ರ ನಂತರ ಎನ್ಎಚ್ಎಲ್ ಎಳೆದಾಟ, ಅಡ್ಡಗಟ್ಟುವುದಕ್ಕೆಲ್ಲ ಕಟ್ಟುನಿಟ್ಟಾಗಿ ಶಿಕ್ಷೆ ಕೊಡಲು ಶುರು ಮಾಡಿತು. ಆಟ ಚುರುಕಾಯಿತು, ಚಿಕ್ಕ ಮೈಯವರಿಗೆ ಜಾಗ ಸಿಕ್ಕಿತು. ಮಕ್ಕಳ ಆಯ್ಕೆಯಲ್ಲಿ ಮಾತ್ರ ಎತ್ತರದ ಮೋಹ ಇನ್ನೂ ಹೋಗಿಲ್ಲ.

ಬೇಗ ಆರಿಸುವುದರ ಜೊತೆಗೇ ವರ್ಷವಿಡೀ ಆಡಿಸುವುದೂ ಬರುತ್ತದೆ. ಬೇಸಿಗೆಯಲ್ಲೂ ಟೂರ್ನಮೆಂಟ್, ಖಾಸಗಿ ಅಕಾಡೆಮಿ, ಒಬ್ಬೊಬ್ಬರಿಗೇ ಬೇರೆ ಕೋಚ್. ಸ್ಕೇಟಿಂಗ್‌ನಲ್ಲಿ ಸೊಂಟದ ಕೀಲು ಒಂದೇ ರೀತಿ ಹೊರಳುತ್ತಿರುತ್ತದೆ. ಬೆಳೆಯುವ ಎಲುಬಿಗೆ ಅದು ಬಿಡುವಿಲ್ಲದೆ ಬಿದ್ದರೆ ಕೀಲಿನ ಆಕಾರವೇ ಕೆಡಬಹುದು ಅಂತ ವೈದ್ಯರು ಎಚ್ಚರಿಸುತ್ತಿದ್ದಾರೆ. ಬೇಸಿಗೆಯಲ್ಲಿ ಮಗು ಫುಟ್‌ಬಾಲ್ ಆಡಲಿ, ಈಜಲಿ, ಮರ ಹತ್ತಲಿ. ಐಸ್ ಅದಕ್ಕಾಗಿ ಕಾದಿರುತ್ತದೆ.

ಮೇಲಿನ ಹಂತದಲ್ಲೂ ಒಂದು ಬಾಗಿಲು ಹೊಸದಾಗಿ ತೆರೆದಿದೆ. ಮೊದಲು ಕೆನಡಾದ ಮೇಜರ್ ಜೂನಿಯರ್, ಅಂದರೆ ಹದಿಹರೆಯದವರ ಮೇಲ್ದರ್ಜೆಯ ಲೀಗ್‌ನಲ್ಲಿ ಆಡಿದವರಿಗೆ, ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ನಡೆಸುವ ಹಾಕಿ ಮುಚ್ಚಿಹೋಗುತ್ತಿತ್ತು. ಹದಿನೈದು ಹದಿನಾರಕ್ಕೇ ಒಂದು ದಾರಿ ಆರಿಸಿಕೊಂಡರೆ ವಾಪಸ್ ಬರುವಂತಿರಲಿಲ್ಲ. 2024ರ ನವೆಂಬರ್‌ನಲ್ಲಿ ಎನ್‌ಸಿಎಎ ಈ ನಿಯಮ ಬದಲಿಸಿತು. 2025ರ ಆಗಸ್ಟ್ 1ರಿಂದ ಜೂನಿಯರ್ ಆಡಿದವರೂ ಕಾಲೇಜಿಗೆ ಬರಬಹುದು. ಹದಿನೆಂಟಕ್ಕೆ ಇನ್ನೂ ಮೈ ತುಂಬದ ಹುಡುಗನಿಗೆ ಓದಿನ ಜೊತೆ ಇನ್ನು ಕೆಲವು ವರ್ಷ ಬೆಳೆಯಲು ಸಮಯ ಸಿಕ್ಕಿತು. ಆದರೆ ಕಾಲೇಜು ತಂಡದಲ್ಲಿ ಇರುವ ಜಾಗ ಅಷ್ಟೇ. ಜೂನಿಯರ್‌ನಿಂದ ಬಂದವರು ಅದನ್ನು ತುಂಬಿದರೆ, ತಡವಾಗಿ ಅರಳುವ ಬೇರೆ ಹುಡುಗರಿಗೆ ಬಾಗಿಲು ಕಿರಿದಾಗುತ್ತದೆ. ಅದರ ಮೇಲೆ ಕಣ್ಣಿಡಬೇಕು.

ಹುಡುಗಿಯರ ವಿಷಯದಲ್ಲಿ ನನಗೆ ಖುಷಿ ಇದೆ. ಮಹಿಳೆಯರ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ 1990ರಲ್ಲಿ, ಒಲಿಂಪಿಕ್ಸ್ ಪ್ರವೇಶ 1998ರಲ್ಲಿ. 2024ರ ಜನವರಿಯಲ್ಲಿ ಮಹಿಳೆಯರ ವೃತ್ತಿಪರ ಲೀಗ್ ಪಿಡಬ್ಲ್ಯುಎಚ್ಎಲ್ ಆರು ತಂಡಗಳೊಂದಿಗೆ ಶುರುವಾಯಿತು, ಮರುವರ್ಷವೇ ಎಂಟಕ್ಕೆ ಏರಿತು. ಆ ಗಾಜಿನ ಆಚೆಗಿನ ಹುಡುಗಿಗೆ ಈಗ ಹೋಗಲು ಒಂದು ಜಾಗ ಇದೆ.

ಇಷ್ಟಕ್ಕೆಲ್ಲ ಕೋಟಿಗಟ್ಟಲೆ ಜನ, ಊರಿಗೊಂದು ಕೆರೆ ಬೇಕೇ ಬೇಕು ಅಂತಿಲ್ಲ. ಸೋವಿಯತ್ ಒಕ್ಕೂಟ ತನ್ನ ಮೊದಲ ಹಾಕಿ ಚಾಂಪಿಯನ್‌ಶಿಪ್ ನಡೆಸಿದ್ದು 1946ರಲ್ಲಿ. 1954ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಕೆನಡಾವನ್ನು 7-2ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆಯಿತು. ಕೃತಕ ಐಸ್ ಸಾಲದ ಕಾಲದಲ್ಲಿ ಕೋಚ್ ಅನಾತೊಲಿ ತರಾಸೊವ್ ನೆಲದ ಮೇಲೆಯೇ ಆಟಗಾರರನ್ನು ಕುಣಿಸಿ, ಓಡಿಸಿ, ಚೆಂಡಾಟ ಆಡಿಸಿ ತಯಾರು ಮಾಡಿದರು. ಸುಮಾರು 55 ಲಕ್ಷ ಜನರ ಫಿನ್‌ಲೆಂಡ್ 2022ರಲ್ಲಿ ಒಲಿಂಪಿಕ್ ಚಿನ್ನ ಗೆದ್ದಿತು. ಹೆಚ್ಚುಕಮ್ಮಿ ಅಷ್ಟೇ ಜನರ ಸ್ಲೊವಾಕಿಯಾದ ಇಬ್ಬರು ಹುಡುಗರು, ಯುರಾಯ್ ಸ್ಲಾಫ್‌ಕೋವ್‌ಸ್ಕಿ ಮತ್ತು ಶಿಮೋನ್ ನೆಮೆಟ್ಸ್, ಅದೇ ವರ್ಷದ ಎನ್ಎಚ್ಎಲ್ ಡ್ರಾಫ್ಟ್‌ನಲ್ಲಿ ಮೊದಲ ಎರಡು ಸ್ಥಾನ ಪಡೆದರು. ಚಿಕ್ಕ ದೇಶಕ್ಕೆ ಮಕ್ಕಳನ್ನು ಕಳೆದುಕೊಳ್ಳುವಷ್ಟು ಧಾರಾಳತನ ಇಲ್ಲ. ಒಂಬತ್ತಕ್ಕೆ ನಿಧಾನ ಇರುವವನು ಹದಿನೇಳಕ್ಕೂ ಆಟದಲ್ಲಿ ಉಳಿದಿರಬೇಕು.

ಕೊನೆಗೆ ನಾನು ಕಂಡ ಒಬ್ಬ ಕೋಚ್ ಬಗ್ಗೆ ಹೇಳಿ ನಿಲ್ಲಿಸುತ್ತೇನೆ. ಅಭ್ಯಾಸದ ಗಂಟೆಯಲ್ಲಿ ಕೊನೆಯ ಹದಿನೈದು ನಿಮಿಷ ಅವರು ಏನೂ ಹೇಳಿಕೊಡುತ್ತಿರಲಿಲ್ಲ. ಸೀಟಿ ಜೇಬಿಗೆ ಹಾಕಿ ಬೆಂಚಿನ ಮೇಲೆ ಕೂರುತ್ತಿದ್ದರು. ಮಕ್ಕಳು ತಮ್ಮ ಸ್ಟಿಕ್ಕುಗಳನ್ನೆಲ್ಲ ಐಸ್ ನಡುವೆ ರಾಶಿ ಹಾಕುತ್ತಿದ್ದರು. ಕೆರೆಯ ಮೇಲೆ ಆಡುತ್ತಿದ್ದ ಕಾಲದಿಂದ ಬಂದ ಪದ್ಧತಿ ಅದು. ಒಬ್ಬಳು ಕಣ್ಣು ಮುಚ್ಚಿ ಒಂದು ಸ್ಟಿಕ್ ಎಡಕ್ಕೆ, ಒಂದು ಬಲಕ್ಕೆ ಎಸೆಯುತ್ತಾ ಹೋದಳು. ಯಾರ ಸ್ಟಿಕ್ ಯಾವ ಕಡೆ ಬಿತ್ತೋ ಅವರು ಆ ತಂಡ. ಎಲ್ಲರೂ ಓಡಿ ಬಂದು ತಮ್ಮ ತಮ್ಮ ಸ್ಟಿಕ್ ಎತ್ತಿಕೊಂಡರು. ಯಾರೋ ಒಬ್ಬರು ಪಕ್ ಹಾಕಿದರು.