ಒತ್ತಿದರೆ ತೆರೆಯಬೇಕು, ಅಷ್ಟೇ: 371(ಜೆ) ಪೇಜಿಗೆ ಮಡಚುವ ಪ್ರಶ್ನೆಗಳು

ನಮಸ್ಕಾರ ಎಲ್ಲರಿಗೂ. ಇವತ್ತಿನ ವಿಡಿಯೋ ಪೂರ್ತಿ ಒಂದೇ ಒಂದು ವೆಬ್ ಪೇಜಿನ ಬಗ್ಗೆ. ಹೌದು, ಒಂದೇ ಪೇಜು. ಆದರೆ ಆ ಪೇಜನ್ನು ಓದುವವರಿಗೆ ಅದು ಕೆಲಸದ ಅರ್ಜಿಯ ವಿಷಯ, ಹಾಗಾಗಿ ನನಗೂ ಅದು ದೊಡ್ಡ ವಿಷಯವೇ.

ಈಗ ನೀವು ನೋಡುತ್ತಿರುವುದು ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ಇರುವ ನಮ್ಮ ಅಣ್ಣನ ಆನ್‌ಲೈನ್ ಸೆಂಟರ್. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಷಿನ್, ಒಂದು ಕೂಲರ್. ನೇಮಕಾತಿ ನೋಟಿಫಿಕೇಶನ್ ಬಂತು ಅಂದರೆ ಸಾಕು, ಆಳಂದ, ಅಫಜಲಪುರ, ಜೇವರ್ಗಿ, ಸೇಡಂ, ಚಿಂಚೋಳಿ ಎಲ್ಲ ಕಡೆಯಿಂದ ಹುಡುಗರು ಹುಡುಗಿಯರು ಬಸ್ ಹತ್ತಿ ಬರುತ್ತಾರೆ. ಬಂದವರಲ್ಲಿ ಜಾಸ್ತಿ ಜನ ಕೇಳುವುದು 371(ಜೆ) ಸರ್ಟಿಫಿಕೇಟ್ ಬಗ್ಗೆ.

ನಮ್ಮ ಭಾಗದವರಿಗೆ ಇದು ಹೇಳಬೇಕಾಗಿಲ್ಲ. ಬೇರೆ ಕಡೆಯಿಂದ ನೋಡುತ್ತಿರುವವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ವಿಧಿ ಇದು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಆಮೇಲೆ 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ, ಇಷ್ಟು ಜಿಲ್ಲೆಯವರಿಗೆ ಓದಿನಲ್ಲೂ ಸರ್ಕಾರಿ ಕೆಲಸದಲ್ಲೂ ಮೀಸಲಾತಿ ಸಿಗುತ್ತದೆ. ಇಲ್ಲಿನ ಕಾಲೇಜುಗಳಲ್ಲಿ ಶೇ. 70 ಸೀಟು, ರಾಜ್ಯದ ಉಳಿದ ಕಡೆ ಶೇ. 8. ಇಲ್ಲಿನ ಹುದ್ದೆಗಳಲ್ಲಿ ಸಿ ಗ್ರೂಪಿಗೆ ಶೇ. 80, ಡಿ ಗ್ರೂಪಿಗೆ ಶೇ. 85. ಇದನ್ನು ಪಡೆಯಲು ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪತ್ರ ಬೇಕು. ಪತ್ರ ಇಲ್ಲದಿದ್ದರೆ, ಇಲ್ಲೇ ಹುಟ್ಟಿ ಇಲ್ಲೇ ಬೆಳೆದಿದ್ದರೂ ಆ ಕೋಟಾದಲ್ಲಿ ಅರ್ಜಿ ಹಾಕಲು ಆಗುವುದಿಲ್ಲ.

ಜನ ಕೇಳುವ ಪ್ರಶ್ನೆಗಳನ್ನೆಲ್ಲ ಅಣ್ಣ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದ. ಅದನ್ನೇ ಪೇಜ್ ಮಾಡಿ ಹಾಕಿದ್ದು. ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ, ಹೀಗೆ ಕೆಳಗೆ ಹೋಗುತ್ತಲೇ ಇರುತ್ತದೆ. ಮೊಬೈಲಿನಲ್ಲಿ ತೆರೆದು ಹೆಬ್ಬೆರಳಿನಿಂದ ತಳ್ಳುತ್ತಾ ಹೋದರೆ ತಮ್ಮ ಪ್ರಶ್ನೆ ಯಾವುದು ಅಂತ ಸಿಗುವಷ್ಟರಲ್ಲಿ ಸಾಕಾಗಿಬಿಡುತ್ತದೆ. ಮೊನ್ನೆ ಒಬ್ಬ ಹುಡುಗಿ ಫೋನ್ ಮುಂದೆ ಹಿಡಿದು ಕೇಳಿದಳು, "ಅಕ್ಕಾ, ಇದರಾಗ ನಂದು ಎಲ್ಲದರಿ?" ಅಂತ. ಅವಳ ಪ್ರಶ್ನೆಗೆ ಉತ್ತರ ಅದೇ ಪೇಜಿನಲ್ಲಿತ್ತು, ಆದರೆ ಬಹಳ ಕೆಳಗಿತ್ತು.

ಇದಕ್ಕೆ ದಾರಿ ಎಲ್ಲರಿಗೂ ಗೊತ್ತು. ಪ್ರಶ್ನೆ ಮಾತ್ರ ಕಾಣಬೇಕು, ಒತ್ತಿದರೆ ಉತ್ತರ ತೆರೆಯಬೇಕು, ಮತ್ತೆ ಒತ್ತಿದರೆ ಮುಚ್ಚಬೇಕು. ಆದರೆ ಇದನ್ನು ಮಾಡುವುದು ಹೇಗೆ ಅಂತ ಹುಡುಕಿದರೆ ಮೊದಲು ಸಿಗುವುದು ಪ್ಲಗಿನ್‌ಗಳು, ಅಂದರೆ ಯಾರೋ ಮಾಡಿಟ್ಟ ಸಿದ್ಧ ಕೋಡ್. ಆ ಪ್ಲಗಿನ್ ಜೊತೆಗೆ ಜೆಕ್ವೆರಿ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿ ಬರುತ್ತದೆ. ಜೆಕ್ವೆರಿ 3ರ ಚಿಕ್ಕದು ಮಾಡಿದ ಫೈಲೇ ಸುಮಾರು 87 ಕೆಬಿ, ಜಿಪ್ ಆಗಿ ಬಂದರೂ ಸುಮಾರು 30 ಕೆಬಿ. ಅದರ ಮೇಲೆ ಪ್ಲಗಿನ್‌ನದೇ ಸ್ಕ್ರಿಪ್ಟ್, ಪೇಜಿನ ಅಂದ ಚೆಂದ ಹೇಳುವ ಅದರದೇ ಸಿಎಸ್ಎಸ್, ಬಾಣದ ಗುರುತಿಗೆ ಒಂದು ಐಕಾನ್ ಫಾಂಟ್. ನಮ್ಮ ಪೇಜಿನ ಅಕ್ಷರಗಳೆಲ್ಲ ಸೇರಿದರೂ ಅಷ್ಟು ತೂಕ ಇಲ್ಲ ನೋಡಿ. ಚಿಂಚೋಳಿ ಕಡೆ ಹೋಗುವ ಬಸ್ಸಿನಲ್ಲಿ ಕೂತು ನೆಟ್‌ವರ್ಕ್ ಒಂದು ಕಡ್ಡಿ ಇರುವಾಗ ಈ ಪೇಜ್ ತೆರೆಯುವವರು ಇದ್ದಾರೆ. ಸ್ಕ್ರಿಪ್ಟ್ ಅರ್ಧಕ್ಕೆ ನಿಂತರೆ ಪ್ರಶ್ನೆ ಕಾಣುತ್ತದೆ, ಒತ್ತಿದರೆ ಏನೂ ಆಗುವುದಿಲ್ಲ. ಅಂಥ ಪೇಜ್ ಇದ್ದೂ ಇಲ್ಲದ ಹಾಗೆ.

ಇವೆಲ್ಲ ಬೇಡವೇ ಬೇಡ. ಬ್ರೌಸರ್‌ನಲ್ಲೇ ಇದು ಇದೆ. ಎಚ್‌ಟಿಎಂಎಲ್‌ನಲ್ಲಿ ಡೀಟೇಲ್ಸ್ ಅಂತ ಒಂದು ಟ್ಯಾಗ್, ಅದರ ಒಳಗೆ ಸಮ್ಮರಿ ಅಂತ ಇನ್ನೊಂದು. ಸಮ್ಮರಿಯಲ್ಲಿ ಪ್ರಶ್ನೆ ಬರೆಯಿರಿ, ಅದನ್ನು ಮುಚ್ಚಿ, ಕೆಳಗೆ ಉತ್ತರ ಬರೆಯಿರಿ, ಕೊನೆಗೆ ಡೀಟೇಲ್ಸ್ ಮುಚ್ಚಿ. ಮುಗಿಯಿತು. ಒಂದು ಸಾಲು ಜಾವಾಸ್ಕ್ರಿಪ್ಟ್ ಇಲ್ಲ. ಪ್ರಶ್ನೆಯ ಪಕ್ಕದಲ್ಲಿ ಚಿಕ್ಕ ತ್ರಿಕೋನ ತಾನೇ ಬರುತ್ತದೆ, ಒತ್ತಿದರೆ ತಾನೇ ತಿರುಗುತ್ತದೆ. ಸ್ಕ್ರೀನ್ ಮೇಲೆ ನೋಡಿ, ನಾನು ಟೈಪ್ ಮಾಡಿದ್ದು ಇಷ್ಟೇ.

ಇದು ಹೊಸದೇನೂ ಅಲ್ಲ. ಕ್ರೋಮ್‌ನಲ್ಲಿ 2011ರಿಂದ ಇದೆ, ಫೈರ್‌ಫಾಕ್ಸ್‌ಗೆ 2016ರಲ್ಲಿ ಬಂತು, 2020ರ ಜನವರಿಯಲ್ಲಿ ಎಡ್ಜ್ ಕೂಡ ಕ್ರೋಮ್‌ಗೆ ಬುನಾದಿಯಾದ ಕ್ರೋಮಿಯಂ ಮೇಲೆ ಬಂದಾಗಿನಿಂದ ಯಾರ ಫೋನಿನಲ್ಲಿ ಕೆಲಸ ಮಾಡುತ್ತೋ ಇಲ್ಲವೋ ಅನ್ನುವ ಚಿಂತೆ ಹೋಯಿತು. ತೀರಾ ಹಳೆಯ ಬ್ರೌಸರ್ ಯಾರಾದರೂ ಇಟ್ಟುಕೊಂಡಿದ್ದರೂ ಉತ್ತರಗಳೆಲ್ಲ ತೆರೆದೇ ಕಾಣುತ್ತವೆ, ಅಂದರೆ ಮಾಹಿತಿ ಎಲ್ಲೂ ಹೋಗುವುದಿಲ್ಲ. ಈ ಗುಣ ನನಗೆ ತುಂಬಾ ಇಷ್ಟ.

ಕೀಬೋರ್ಡ್‌ನಲ್ಲಿ ಟ್ಯಾಬ್ ಒತ್ತಿ ಪ್ರಶ್ನೆಯಿಂದ ಪ್ರಶ್ನೆಗೆ ಹೋಗಬಹುದು, ಎಂಟರ್ ಅಥವಾ ಸ್ಪೇಸ್ ಒತ್ತಿದರೆ ತೆರೆಯುತ್ತದೆ. ಕಣ್ಣು ಕಾಣದವರು, ಸ್ಕ್ರೀನ್ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು ಕೇಳಿದರೆ ಇದು ಮುಚ್ಚಿದೆಯೋ ತೆರೆದಿದೆಯೋ ಅಂತ ಫೋನೇ ಹೇಳುತ್ತದೆ. ಇದನ್ನೆಲ್ಲ ನಾವು ಕೈಯಿಂದ ಮಾಡಲು ಹೋದರೆ ಎಷ್ಟು ಕೆಲಸ ಅಂತ ಮಾಡಿದವರಿಗೇ ಗೊತ್ತು.

ಚೆಂದ ಮಾಡುವುದಕ್ಕೆ ಸ್ವಲ್ಪ ಸಿಎಸ್ಎಸ್ ಸಾಕು. ಪ್ರಶ್ನೆಯ ಸಾಲಿಗೆ ಮೇಲೆ ಕೆಳಗೆ ಜಾಗ ಬಿಡಿ, ಒತ್ತುವ ಜಾಗದ ಎತ್ತರ 44 ಪಿಕ್ಸೆಲ್ ಆದರೂ ಇರಲಿ, ಹೆಬ್ಬೆರಳಿಗೆ ಅಷ್ಟು ಬೇಕು. ಆಮೇಲೆ ಕನ್ನಡದಲ್ಲಿ ಬರೆಯುವವರು ಲೈನ್ ಹೈಟ್, ಅಂದರೆ ಒಂದೊಂದು ಸಾಲಿನ ಎತ್ತರದ ಕಡೆ ಗಮನ ಕೊಡಲೇಬೇಕು. ಇಂಗ್ಲಿಷ್ ಅಳತೆಯ ಟೆಂಪ್ಲೇಟ್‌ನಲ್ಲಿ 1.2 ಇಟ್ಟಿರುತ್ತಾರೆ. ನಮಗೆ ಅದು ಸಾಲದು. ಪ್ರಶ್ನೆ ಎರಡು ಸಾಲು ಆದಾಗ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟು, ಗುಡಿಸುಗಳಿಗೆ ತಾಗುತ್ತದೆ. ರಾಷ್ಟ್ರೀಕೃತ ಅಂತ ಬರೆದು ನೋಡಿ, ಗೊತ್ತಾಗುತ್ತದೆ. ನಾನು 1.7 ಇಟ್ಟಿದ್ದೇನೆ. ಫಾಂಟ್ ಬೇರೆ ಇಳಿಸುವುದು ಬೇಡ, ಆಂಡ್ರಾಯ್ಡ್ ಫೋನುಗಳಲ್ಲಿ ಈಗ ಕನ್ನಡ ಅಕ್ಷರ ಚೆನ್ನಾಗೇ ಮೂಡುತ್ತದೆ, ಅದರಲ್ಲೇ ಓದಲಿ.

ತ್ರಿಕೋನ ಇಷ್ಟವಿಲ್ಲ ಅಂದರೆ ಲಿಸ್ಟ್ ಸ್ಟೈಲ್ ನನ್ ಅಂತ ಕೊಟ್ಟು ತೆಗೆಯಬಹುದು, ಸಫಾರಿಗೆ ಅದರದೇ ಇನ್ನೊಂದು ಸಾಲು ಬೇಕಾಗುತ್ತದೆ. ಆದರೆ ತೆಗೆದರೆ ಅದರ ಜಾಗದಲ್ಲಿ ಪ್ಲಸ್ ಗುರುತಾದರೂ ಹಾಕಿ. ಗುರುತೇ ಇಲ್ಲದಿದ್ದರೆ ಇದು ಒತ್ತುವ ಸಾಲು ಅಂತ ಯಾರಿಗೂ ತಿಳಿಯುವುದಿಲ್ಲ. ನಾನಂತೂ ತ್ರಿಕೋನ ಬಿಟ್ಟಿದ್ದೇನೆ.

ಈಗ ನನಗೆ ಮುಖ್ಯ ಅನಿಸಿದ ವಿಷಯಕ್ಕೆ ಬರುತ್ತೇನೆ. ಮಡಚುವುದು ಸುಲಭ ಅಂತ ಗೊತ್ತಾದ ಮೇಲೆ ಎಲ್ಲವನ್ನೂ ಮಡಚಿಬಿಡೋಣ ಅನಿಸುತ್ತದೆ. ಹಾಗೆ ಮಾಡಬಾರದು. ಎಲ್ಲರೂ ಓದಲೇಬೇಕಾದದ್ದನ್ನು ಮಡಚಬಾರದು. ಪತ್ರ ಯಾರು ಕೊಡುತ್ತಾರೆ, ಯಾವ ಕಾಗದ ತರಬೇಕು, ಅರ್ಜಿ ಹಾಕುವ ಕೊನೆಯ ದಿನದೊಳಗೆ ಪತ್ರ ಕೈಯಲ್ಲಿ ಇರಬೇಕು ಅನ್ನುವ ಎಚ್ಚರಿಕೆ, ಇಷ್ಟು ಪೇಜಿನ ಮೇಲೆ ತೆರೆದೇ ಇರಬೇಕು. ಮಡಚಬೇಕಾದದ್ದು ಒಬ್ಬೊಬ್ಬರ ಪರಿಸ್ಥಿತಿಗೆ ಬೇರೆ ಬೇರೆ ಆಗುವ ಉತ್ತರಗಳನ್ನು. ಒಬ್ಬರಿಗೆ ಬೇಕಾದದ್ದು ಇನ್ನೊಬ್ಬರಿಗೆ ಬೇಡ, ಅಂಥವು.

ಪ್ರಶ್ನೆ ಬರೆಯುವ ರೀತಿ ಇನ್ನೂ ಮುಖ್ಯ. ಮುಚ್ಚಿದಾಗ ಕಾಣುವುದು ಆ ಒಂದು ಸಾಲು ಮಾತ್ರ, ಅಲ್ವಾ? ಹಳೆಯ ಪೇಜಿನಲ್ಲಿ "ಜನ್ಮಸ್ಥಳ ಸಂಬಂಧಿತ ಅರ್ಹತಾ ಮಾನದಂಡಗಳು" ಅಂತ ಇತ್ತು. ಇದನ್ನು ಓದಿ ಯಾರು ಒತ್ತುತ್ತಾರೆ? ಅಣ್ಣನ ನೋಟ್‌ಬುಕ್ ತೆಗೆದು ನೋಡಿದರೆ ಜನ ಕೇಳಿದ್ದು ಹೀಗಿತ್ತು: "ನಮ್ಮಪ್ಪ ಅವ್ವ ದುಡಿಯಾಕ ಪುಣೆಗೆ ಹೋಗಿದ್ರು, ನಾ ಅಲ್ಲೇ ಹುಟ್ಟೀನಿ, ಊರು ಆಳಂದ, ನನಗ ಸಿಗ್ತದೇನ್ರಿ?" ನಮ್ಮ ಭಾಗದಿಂದ ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದ ಮನೆಗಳು ಎಷ್ಟಿವೆ ಅಂತ ನಮಗೆ ಗೊತ್ತು. ಅಂಥ ಮನೆಯ ಮಕ್ಕಳು ಈ ಒಂದು ಸಾಲನ್ನು ಹುಡುಕಿಕೊಂಡು ಬರುತ್ತಾರೆ. ಹಾಗಾಗಿ ಸಮ್ಮರಿಯಲ್ಲಿ ಈಗ "ಪುಣೆ, ಮುಂಬೈಯಲ್ಲಿ ಹುಟ್ಟಿದ್ದೇನೆ, ಅಪ್ಪ ಅಮ್ಮನ ಊರು ಇಲ್ಲಿದೆ, ನನಗೆ ಸಿಗುತ್ತಾ?" ಅಂತಲೇ ಬರೆದಿದ್ದೇನೆ. "ಶಾಲೆ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು, ಏನು ಮಾಡಲಿ?" ಅನ್ನುವುದು ಇನ್ನೊಂದು. "ಮದುವೆಯಾಗಿ ಸೊಲ್ಲಾಪುರದಿಂದ ಬಂದಿದ್ದೇನೆ" ಅನ್ನುವುದು ಮತ್ತೊಂದು. ಓದಿದ ಕೂಡಲೇ ಇದು ನಂದೇ ಅಂತ ಅನಿಸಬೇಕು, ಆಗ ಬೆರಳು ತಾನೇ ಹೋಗಿ ಒತ್ತುತ್ತದೆ.

ಒಂದನ್ನು ತೆರೆದರೆ ಇನ್ನೊಂದು ತಾನೇ ಮುಚ್ಚುವ ಹಾಗೆ ಮಾಡಬಹುದಾ ಅಂತ ಕೇಳುವವರಿದ್ದಾರೆ. ಮಾಡಬಹುದು. ಎಲ್ಲ ಡೀಟೇಲ್ಸ್‌ಗೂ ಒಂದೇ ನೇಮ್ ಕೊಡಿ, ಸಾಕು. ಕ್ರೋಮ್ ಮತ್ತು ಸಫಾರಿಗೆ ಇದು 2023ರ ಡಿಸೆಂಬರ್‌ನಲ್ಲಿ ಬಂತು, ಫೈರ್‌ಫಾಕ್ಸ್‌ಗೆ 2024ರ ಸೆಪ್ಟೆಂಬರ್‌ನಲ್ಲಿ. ಆದರೆ ನಾನು ಇಲ್ಲಿ ಹಾಕಿಲ್ಲ. ಯಾಕೆ ಅಂದರೆ ಅಕ್ಕ ತಮ್ಮ ಇಬ್ಬರೂ ಒಂದೇ ಫೋನಿನಲ್ಲಿ ನೋಡುತ್ತಿರುತ್ತಾರೆ, ಅಕ್ಕನದು ಮದುವೆಯ ಪ್ರಶ್ನೆ, ತಮ್ಮನದು ಹುಟ್ಟಿದ ಊರಿನ ಪ್ರಶ್ನೆ, ಒಂದು ತೆರೆದಾಗ ಇನ್ನೊಂದು ಮಾಯವಾದರೆ ಇಬ್ಬರಿಗೂ ಕಿರಿಕಿರಿ. ತೆರೆದದ್ದು ತೆರೆದೇ ಇರಲಿ.

ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸುವವರಿಗೆ ಒಂದು ಸೂಕ್ಷ್ಮ ಇದೆ, ಇದನ್ನು ನಿಧಾನವಾಗಿ ತೋರಿಸುತ್ತೇನೆ. ಅಣ್ಣನಿಗೆ ಯಾರಾದರೂ ಮೆಸೇಜ್ ಮಾಡಿ ಕೇಳಿದರೆ ಅದೇ ಉತ್ತರದ ಲಿಂಕ್ ಕಳಿಸಬೇಕು, ಅವರು ಒತ್ತಿದ ಕೂಡಲೇ ಆ ಉತ್ತರ ತೆರೆದೇ ಕಾಣಬೇಕು. ಇದಕ್ಕೆ ಐಡಿ, ಅಂದರೆ ಪೇಜಿನ ಆ ಜಾಗಕ್ಕೆ ಒಂದು ಹೆಸರು ಕೊಡುತ್ತೇವೆ. ಆ ಐಡಿಯನ್ನು ಡೀಟೇಲ್ಸ್ ಟ್ಯಾಗಿಗೇ ಕೊಟ್ಟರೆ ಪೇಜ್ ಆ ಜಾಗಕ್ಕೆ ಹೋಗಿ ನಿಲ್ಲುತ್ತದೆ, ಆದರೆ ಉತ್ತರ ಮುಚ್ಚಿಯೇ ಇರುತ್ತದೆ. ಐಡಿಯನ್ನು ಒಳಗಿರುವ ಉತ್ತರದ ಪ್ಯಾರಾಕ್ಕೆ ಕೊಡಿ. ಆಗ ಕ್ರೋಮ್ ಡೀಟೇಲ್ಸ್ ಅನ್ನು ತಾನೇ ತೆರೆದು ಅಲ್ಲಿಗೆ ಕರೆದುಕೊಂಡು ಹೋಗುತ್ತದೆ. ನೋಡಿ, ಈಗ ಲಿಂಕ್ ಒತ್ತುತ್ತೇನೆ. ತೆರೆಯಿತು. ಪೇಜಿನಲ್ಲಿ ಹುಡುಕು ಅನ್ನುವ ಆಯ್ಕೆಯಲ್ಲೂ ಹೀಗೇ: ಕ್ರೋಮ್‌ನಲ್ಲಿ ಪುಣೆ ಅಂತ ಹುಡುಕಿದರೆ ಮುಚ್ಚಿದ ಉತ್ತರದ ಒಳಗಿರುವುದೂ ಸಿಗುತ್ತದೆ, ತಾನೇ ತೆರೆಯುತ್ತದೆ.

ನಮ್ಮಂಥ ಆನ್‌ಲೈನ್ ಸೆಂಟರ್‌ನವರು ತಿಳಿದಿರಬೇಕಾದದ್ದು ಪ್ರಿಂಟ್ ವಿಷಯ. ಮುಚ್ಚಿದ ಡೀಟೇಲ್ಸ್ ಪ್ರಿಂಟ್‌ನಲ್ಲೂ ಮುಚ್ಚಿಯೇ ಬರುತ್ತದೆ. ಕಾಗದದ ಮೇಲೆ ಬರೀ ಪ್ರಶ್ನೆಗಳು. ಹಳ್ಳಿಯಲ್ಲಿ ಅಪ್ಪನಿಗೆ ತೋರಿಸಬೇಕು, ಒಂದು ಪ್ರಿಂಟ್ ಕೊಡಿ ಅಂತ ಕೇಳುವವರು ನಮ್ಮಲ್ಲಿ ದಿನಾ ಬರುತ್ತಾರೆ, ಅವರಿಗೆ ಬರೀ ಪ್ರಶ್ನೆ ಇರುವ ಹಾಳೆ ಕೊಟ್ಟರೆ ಏನು ಉಪಯೋಗ. ಇಡೀ ಪೇಜಿನಲ್ಲಿ ನಾನು ಜಾವಾಸ್ಕ್ರಿಪ್ಟ್ ಬಳಸಿದ್ದು ಇದೊಂದೇ ಕಡೆ. ಬಿಫೋರ್ ಪ್ರಿಂಟ್ ಅನ್ನುವ ಇವೆಂಟ್ ಬಂದಾಗ ಎಲ್ಲ ಡೀಟೇಲ್ಸ್‌ಗೂ ಓಪನ್ ಹಾಕು, ಅಷ್ಟೇ, ಎರಡು ಮೂರು ಸಾಲು. ಅದು ಓಡದಿದ್ದರೂ ಪೇಜ್ ಓದಲು ಏನೂ ತೊಂದರೆ ಇಲ್ಲ.

ಉತ್ತರದ ಒಳಗೆ ಫೋಟೋ ಇದ್ದರೆ, ಮುಚ್ಚಿದ್ದರೂ ಬ್ರೌಸರ್ ಅದನ್ನು ಇಳಿಸಿಕೊಳ್ಳುತ್ತದೆ. ಅರ್ಜಿ ಫಾರಂನ ಮಾದರಿ ಫೋಟೋಗಳು ನಮ್ಮ ಪೇಜಿನಲ್ಲಿವೆ, ಅವಕ್ಕೆಲ್ಲ ಲೋಡಿಂಗ್ ಲೇಜಿ ಅಂತ ಕೊಟ್ಟಿದ್ದೇನೆ. ಈಗ ತೆರೆದಾಗ ಮಾತ್ರ ಇಳಿಯುತ್ತವೆ, ಡೇಟಾ ಉಳಿಯುತ್ತದೆ.

ಪೂರ್ತಿ ಫೈಲ್ ಡಿಸ್ಕ್ರಿಪ್ಶನ್‌ನಲ್ಲಿ ಹಾಕಿದ್ದೇನೆ. ಬೀದರ್, ಯಾದಗಿರಿ, ರಾಯಚೂರು ಕಡೆ ಇಂಥದ್ದೇ ಸೆಂಟರ್ ನಡೆಸುವವರು ತಗೊಂಡು ಬಳಸಿ, ನನ್ನ ಹೆಸರು ಹಾಕುವುದು ಬೇಡ. ಪ್ರಶ್ನೆಗಳನ್ನು ಮಾತ್ರ ನಿಮ್ಮ ಕೌಂಟರ್‌ನಲ್ಲಿ ಜನ ಕೇಳುವ ಹಾಗೆಯೇ ಬದಲಾಯಿಸಿಕೊಳ್ಳಿ. ಮಾಹಿತಿ ಕೊನೆಯದಾಗಿ ಸರಿಮಾಡಿದ ದಿನಾಂಕವನ್ನು ಮೇಲೆ, ಮಡಚದ ಜಾಗದಲ್ಲಿ ಹಾಕಿ. ನಿಯಮ ಬದಲಾದ ಮೇಲೂ ಹಳೆಯ ಉತ್ತರ ಓದಿ ಸಹಾಯಕ ಆಯುಕ್ತರ ಕಚೇರಿ ತನಕ ಹೋಗಿ ಬರಿಗೈಯಲ್ಲಿ ಬರುವವರ ಬಸ್ ಚಾರ್ಜು, ಒಂದು ದಿನದ ಕೂಲಿ, ಎರಡೂ ಹೋಗುತ್ತದೆ.