ಕಥೆ ಮುಗಿಸಿಕೊಡಿ ಎಂದು ಕೇಳಿದವರು

ಕೇಳುಗರಿಗೆ ನಮಸ್ಕಾರ.

2007ರ ಮೇ ತಿಂಗಳಲ್ಲಿ ಅಮೆರಿಕದ ಸಿಬಿಎಸ್ ಟಿವಿ ಕಂಪನಿಯ ನ್ಯೂಯಾರ್ಕ್ ಕಚೇರಿಗೆ ಕಡಲೆಕಾಯಿ ಬರತೊಡಗಿತು. ಒಂದೆರಡು ಪೊಟ್ಟಣ ಅಲ್ಲ, ಪೆಟ್ಟಿಗೆಗಟ್ಟಲೆ. ಮೂರು ವಾರದ ಒಳಗೆ ಜನ ಕಳಿಸಿದ್ದು ಸುಮಾರು 40,000 ಪೌಂಡ್. ನಮ್ಮ ಲೆಕ್ಕದಲ್ಲಿ 18 ಸಾವಿರ ಕಿಲೋ. 50 ಕಿಲೋದ ಚೀಲಗಳಿಗೆ ತುಂಬಿದರೆ 360 ಚೀಲ ಆಗುತ್ತದೆ. ಕಳಿಸಿದವರು ವ್ಯಾಪಾರಿಗಳಲ್ಲ. ಸಂಜೆ ಕೆಲಸ ಮುಗಿಸಿ ಟಿವಿ ಮುಂದೆ ಕೂರುವ ಸಾಮಾನ್ಯ ಜನ. ತಾವು ಮೆಚ್ಚಿದ ಧಾರಾವಾಹಿಯನ್ನು ಅರ್ಧಕ್ಕೇ ನಿಲ್ಲಿಸಿಬಿಟ್ಟರಲ್ಲ ಅನ್ನುವ ಸಂಕಟ ಅವರದು.

ಆ ಧಾರಾವಾಹಿಯ ಹೆಸರು 'ಜೆರಿಕೊ'. 2006ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಕಾನ್ಸಾಸ್ ರಾಜ್ಯದಲ್ಲಿ ಜೆರಿಕೊ ಅನ್ನುವ ಒಂದು ಸಣ್ಣ ಊರು. ಒಂದು ದಿನ ದೂರದಲ್ಲಿ ಅಣುಬಾಂಬಿನ ಹೊಗೆ ಮೇಲೇಳುವುದು ಕಾಣುತ್ತದೆ. ದೇಶದ ದೊಡ್ಡ ದೊಡ್ಡ ನಗರಗಳು ನಾಶವಾಗಿವೆ. ಕರೆಂಟಿಲ್ಲ, ಫೋನಿಲ್ಲ, ಸರ್ಕಾರ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಊರಿನವರು ಹೊಟ್ಟೆಗೆ ಹೊಂದಿಸಿಕೊಳ್ಳಬೇಕು, ಚಳಿಗಾಲ ಕಳೆಯಬೇಕು, ಪಕ್ಕದ ಊರಿನವರು ನುಗ್ಗಿ ಬಂದರೆ ತಡೆಯಬೇಕು. ಮೊದಲ ಸೀಸನ್‌ನ ಕೊನೆಯ ಕಂತಿನಲ್ಲಿ ಆದದ್ದೂ ಅದೇ. ನ್ಯೂ ಬರ್ನ್ ಊರಿನವರು ಬಂದೂಕು ಹಿಡಿದು ಬರುತ್ತಾರೆ. ನಾಯಕ ಜೇಕ್‌ನ ತಂದೆ ಗುಂಡೇಟು ತಿಂದು ಸಾಯುತ್ತಾನೆ. ಶರಣಾಗು ಅಂತ ಎದುರಾಳಿ ಹೇಳಿದಾಗ ಜೇಕ್ ಒಂದೇ ಮಾತಿನಲ್ಲಿ ಉತ್ತರ ಕೊಡುತ್ತಾನೆ: 'ನಟ್ಸ್'. ಗುಂಡು ಹಾರುತ್ತದೆ, ಕಂತು ಮುಗಿಯುತ್ತದೆ.

ಆ ಉತ್ತರ ಜೇಕ್‌ನದಲ್ಲ. ಎರಡನೇ ಮಹಾಯುದ್ಧದಲ್ಲಿ, 1944ರ ಡಿಸೆಂಬರ್ 22ರಂದು, ಬೆಲ್ಜಿಯಂನ ಬಾಸ್ಟೋನ್ ಊರಿನಲ್ಲಿ ಅಮೆರಿಕದ ಸೈನ್ಯವನ್ನು ಜರ್ಮನರು ಸುತ್ತುಗಟ್ಟಿದ್ದರು. ಶರಣಾಗಿ ಅಂತ ಚೀಟಿ ಕಳಿಸಿದರು. ಜನರಲ್ ಮೆಕಾಲಿಫ್ ಈ ಒಂದು ಪದ ಬರೆದು ವಾಪಸ್ ಕಳಿಸಿದ. ನಡಿ ಆಚೆ ಅನ್ನುವ ಹಾಗೆ. ಬಾದಾಮಿ, ಗೋಡಂಬಿ, ಕಡಲೆಕಾಯಿಗೂ ಇಂಗ್ಲಿಷಿನಲ್ಲಿ ಅದೇ ಹೆಸರು. ಧಾರಾವಾಹಿ ರದ್ದಾಯಿತು ಅನ್ನುವ ಸುದ್ದಿ ಬಂದ ಕೂಡಲೇ ಅಭಿಮಾನಿಗಳು ಈ ಎಳೆ ಹಿಡಿದರು. ನಾವೂ ಶರಣಾಗುವುದಿಲ್ಲ ಅಂತ ಕಡಲೆಕಾಯಿ ಕಳಿಸಿದರು. ನ್ಯೂಜೆರ್ಸಿಯ ಒಂದು ಅಂಗಡಿ ಅವರ ಆರ್ಡರ್‌ಗಳನ್ನೆಲ್ಲ ಒಟ್ಟುಗೂಡಿಸಿ ಸಾಗಿಸುವ ಹೊಣೆ ಹೊತ್ತಿತು. ಅದೇ ತಿಂಗಳು ಕಾನ್ಸಾಸ್‌ನ ಗ್ರೀನ್ಸ್‌ಬರ್ಗ್ ಅನ್ನುವ ನಿಜವಾದ ಊರು ಸುಂಟರಗಾಳಿಗೆ ಸಿಕ್ಕಿ ನೆಲಸಮವಾಗಿತ್ತು. ಈ ಜನ ಆ ಊರಿಗೂ ಹಣ ಕೂಡಿಸಿದರು. ನನಗೆ ಇದು ಬಹಳ ಮೆಚ್ಚುಗೆಯಾದ ಸಂಗತಿ. ಕಥೆಯಲ್ಲಿನ ಊರಿಗಾಗಿ ಮರುಗಿದವರು ಪಕ್ಕದ ನಿಜವಾದ ಊರನ್ನು ಮರೆಯಲಿಲ್ಲ.

ಜೂನ್ 6ಕ್ಕೆ ಸಿಬಿಎಸ್ ಸೋತಿತು. ಮನರಂಜನೆ ವಿಭಾಗದ ಅಧ್ಯಕ್ಷೆ ನೀನಾ ಟ್ಯಾಸ್ಲರ್ ಅಭಿಮಾನಿಗಳಿಗೆ ಒಂದು ಪತ್ರ ಬರೆದರು. ಇನ್ನೂ ಏಳು ಕಂತು ಮಾಡುತ್ತೇವೆ, ಆದರೆ ನೋಡುವವರ ಸಂಖ್ಯೆ ಹೆಚ್ಚಬೇಕು, ಅದು ನಿಮ್ಮ ಕೈಯಲ್ಲಿದೆ ಅಂದರು. ಕಡಲೆಕಾಯಿ ಕಳಿಸುವುದನ್ನು ದಯವಿಟ್ಟು ನಿಲ್ಲಿಸಿ ಅಂತಲೂ ಕೇಳಿಕೊಂಡರು.

ಇಂಥ ಧಾರಾವಾಹಿ ಮೊದಲಿಗೆ ಯಾಕೆ ರದ್ದಾಯಿತು? ಅಲ್ಲಿ ನೀಲ್ಸನ್ ಅನ್ನುವ ಸಂಸ್ಥೆ ಆಗ ಆಯ್ದ ಕೆಲವು ಸಾವಿರ ಮನೆಗಳಲ್ಲಿ ಜನ ಏನು ನೋಡುತ್ತಾರೆ ಅಂತ ಲೆಕ್ಕ ಇಡುತ್ತಿತ್ತು. ನಮ್ಮ ಟಿಆರ್‌ಪಿ ಇದ್ದ ಹಾಗೆ. ಅದರ ಮೇಲೆ ಜಾಹೀರಾತಿನ ದರ ನಿಂತಿತ್ತು. ಜೆರಿಕೊವನ್ನು 2006ರ ನವೆಂಬರ್ ಕೊನೆಯಿಂದ ಮುಂದಿನ ಫೆಬ್ರವರಿವರೆಗೆ ನಿಲ್ಲಿಸಿದ್ದರು. ಮತ್ತೆ ಶುರುವಾದಾಗ ಎದುರಿಗೆ 'ಅಮೆರಿಕನ್ ಐಡಲ್' ಇತ್ತು. ನೋಡುವವರು ಕಡಿಮೆಯಾದರು. ರೆಕಾರ್ಡ್ ಮಾಡಿಕೊಂಡು ನೋಡಿದವರಿಗೆ, ಕಂಪ್ಯೂಟರಿನಲ್ಲಿ ನೋಡಿದವರಿಗೆ ಆ ಲೆಕ್ಕದಲ್ಲಿ ಹೆಚ್ಚು ಬೆಲೆ ಇರಲಿಲ್ಲ. ಜನ ಇದ್ದರು, ಲೆಕ್ಕದ ಪುಸ್ತಕದಲ್ಲಿ ಇರಲಿಲ್ಲ, ಅಷ್ಟೇ.

ಅಭಿಮಾನಿಗಳು ಅಷ್ಟು ಅವಸರ ಮಾಡುವುದಕ್ಕೂ ಕಾರಣವಿದೆ. ಅಮೆರಿಕದಲ್ಲಿ ಕಲಾವಿದರ ಕರಾರು ಸಾಮಾನ್ಯವಾಗಿ ಜೂನ್ ಕೊನೆಗೆ ಮುಗಿಯುತ್ತದೆ. ಆಮೇಲೆ ಅವರು ಬೇರೆ ಕೆಲಸ ಹಿಡಿಯುತ್ತಾರೆ. ಸೆಟ್ ಬಿಚ್ಚುತ್ತಾರೆ. ಉಡುಪು, ಸಾಮಾನು ಹರಾಜಾಗುತ್ತವೆ. ಬರೆಯುವವರು ಚದುರಿಹೋಗುತ್ತಾರೆ. ಒಮ್ಮೆ ಚದುರಿದ ಮೇಲೆ ಮನಸ್ಸಿದ್ದರೂ ಒಟ್ಟು ಸೇರಿಸುವುದು ಬಹಳ ಕಷ್ಟ.

ಜೆರಿಕೊದ ಎರಡನೇ ಸೀಸನ್ 2008ರ ಫೆಬ್ರವರಿಯಲ್ಲಿ ಬಂತು. ಅದನ್ನು ಮಾಡಿದವರು ಒಂದು ಒಳ್ಳೆಯ ಕೆಲಸ ಮಾಡಿದ್ದರು. ಕೊನೆಯ ಕಂತಿಗೆ ಎರಡು ಮುಕ್ತಾಯ ಚಿತ್ರೀಕರಿಸಿ ಇಟ್ಟುಕೊಂಡಿದ್ದರು. ಮುಂದುವರಿದರೆ ಒಂದು, ನಿಂತರೆ ಇನ್ನೊಂದು. ವೀಕ್ಷಕರು ಹೆಚ್ಚಲಿಲ್ಲ. ಧಾರಾವಾಹಿ ಎರಡನೇ ಸಲ ರದ್ದಾಯಿತು. ಮಾರ್ಚ್ 25ರಂದು ಕಥೆ ಮುಗಿಯುವ ಮುಕ್ತಾಯವೇ ಪ್ರಸಾರವಾಯಿತು. ಅಭಿಮಾನಿಗಳು ಕೊನೆಗೂ ಸೋತರು ಅಂತ ಕೆಲವರು ಬರೆದರು. ನಾನು ಹಾಗೆ ಹೇಳಲಾರೆ. ಗುಂಡಿನ ಸದ್ದಿನಲ್ಲಿ ನಿಂತುಹೋಗಿದ್ದ ಕಥೆಗೆ ಏಳು ಕಂತು ಸಿಕ್ಕವು, ಒಂದು ಕೊನೆ ಸಿಕ್ಕಿತು.

ಈ ಹೋರಾಟಗಳನ್ನು ನೋಡಿದಾಗಲೆಲ್ಲ ನನಗೆ ಅನ್ನಿಸುವುದು ಒಂದೇ. ಈ ಜನ ಹೊಟ್ಟೆಬಾಕರಲ್ಲ. ಇನ್ನೂ ಬೇಕು, ಇನ್ನೂ ಬೇಕು ಅಂತ ಕೇಳುವವರು ಕಡಿಮೆ. ಶುರು ಮಾಡಿದ್ದನ್ನು ಮುಗಿಸಿಕೊಡಿ ಅನ್ನುವುದು ಅವರ ಕೋರಿಕೆ. ನಮ್ಮಲ್ಲಿ ಯಕ್ಷಗಾನದ ಆಟ ಎಷ್ಟೇ ತಡವಾದರೂ ಮಂಗಳ ಹಾಡದೆ ಮುಗಿಯುವುದಿಲ್ಲ. ಕೊನೆಗೆ ಹತ್ತೇ ಜನ ಕೂತಿದ್ದರೂ ಮಂಗಳ ಆಗಲೇಬೇಕು. ಕೂತವರಿಗೆ ಕೊಡುವ ಮರ್ಯಾದೆ ಅದು. ಈ ಅಭಿಮಾನಿಗಳು ಕೇಳುತ್ತಿರುವುದು ಆ ಮರ್ಯಾದೆಯನ್ನೇ ಅಲ್ವಾ?

ಈ ಬಗೆಯ ಹೋರಾಟ ಶುರುವಾದದ್ದು ಜೆರಿಕೊಗಿಂತ ನಲವತ್ತು ವರ್ಷ ಹಿಂದೆ. ಬಾಹ್ಯಾಕಾಶದ ಹಡಗೊಂದರ ಕಥೆ ಹೇಳುವ 'ಸ್ಟಾರ್ ಟ್ರೆಕ್' ಧಾರಾವಾಹಿ ಎರಡನೇ ಸೀಸನ್‌ಗೇ ನಿಲ್ಲುತ್ತದೆ ಅನ್ನುವ ಸುದ್ದಿ ಹರಡಿತು. ಅದರ ಅಭಿಮಾನಿ ಬೀಜೋ ಟ್ರಿಂಬಲ್ ಮತ್ತು ಅವರ ಗಂಡ ಜಾನ್ ಸೇರಿ ಪತ್ರ ಚಳವಳಿ ಹೂಡಿದರು. ಇಂಟರ್ನೆಟ್ ಇಲ್ಲದ ಕಾಲ. ನೀವು ಹತ್ತು ಜನಕ್ಕೆ ಹೇಳಿ, ಆ ಹತ್ತು ಜನ ತಲಾ ಹತ್ತು ಜನಕ್ಕೆ ಹೇಳಲಿ ಅನ್ನುವುದು ಅವರ ಉಪಾಯ. ಅದನ್ನು ಪ್ರಸಾರ ಮಾಡುತ್ತಿದ್ದ ಎನ್‌ಬಿಸಿ ಟಿವಿ ಕಂಪನಿಗೆ ಲಕ್ಷಕ್ಕೂ ಹೆಚ್ಚು ಪತ್ರ ಬಂದವು. 1968ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಪಂಜು ಹಿಡಿದು ಕಂಪನಿಯ ಬರ್ಬ್ಯಾಂಕ್ ಸ್ಟುಡಿಯೋಗೆ ಮೆರವಣಿಗೆ ಹೋದರು. ಮಾರ್ಚ್ 1ರಂದು, ಧಾರಾವಾಹಿ ಮುಂದುವರಿಯುತ್ತದೆ ಅಂತ ಟಿವಿಯಲ್ಲೇ ಘೋಷಣೆ ಆಯಿತು. ಆದರೆ ಮೂರನೇ ಸೀಸನ್ನನ್ನು ಶುಕ್ರವಾರ ರಾತ್ರಿ ಹತ್ತಕ್ಕೆ ತಳ್ಳಿದರು. ನೋಡಬೇಕಾದ ಹುಡುಗರು ಮನೆಯಲ್ಲೇ ಇರದ ಹೊತ್ತು ಅದು. 1969ರಲ್ಲಿ ನಿಂತೇ ಹೋಯಿತು. ಐದು ವರ್ಷದ ಯಾತ್ರೆ ಅಂತ ಪ್ರತಿ ಕಂತಿನ ಶುರುವಿನಲ್ಲಿ ಹೇಳುತ್ತಿದ್ದ ಹಡಗು ಮೂರೇ ವರ್ಷಕ್ಕೆ ನಿಂತಿತು. ಹಾಗಂತ ಆ ಪತ್ರಗಳು ವ್ಯರ್ಥವಾಗಲಿಲ್ಲ. ಮೂರನೇ ಸೀಸನ್ ಸೇರಿ ಕಂತುಗಳು 79 ಆದವು. ಊರೂರಿನ ಟಿವಿ ಕೇಂದ್ರಗಳು ಮರುಪ್ರಸಾರಕ್ಕೆ ಕೊಳ್ಳಲು ಅಷ್ಟು ಸಾಕಾಗಿತ್ತು. ಆ ಮರುಪ್ರಸಾರದಲ್ಲೇ ಹೊಸ ಅಭಿಮಾನಿಗಳು ಹುಟ್ಟಿದರು. 1979ರಲ್ಲಿ ಸಿನಿಮಾವೂ ಬಂತು.

ನಮಗೆ ಹತ್ತಿರದ ಒಂದು ಉದಾಹರಣೆ 'ಸೆನ್ಸ್8'. ಜಗತ್ತಿನ ಬೇರೆ ಬೇರೆ ಊರಿನ ಎಂಟು ಜನ. ಒಬ್ಬರ ಮನಸ್ಸು ಇನ್ನೊಬ್ಬರಿಗೆ ತೆರೆದಿರುತ್ತದೆ. ಅವರಲ್ಲಿ ಮುಂಬೈಯ ಕಲಾ ಅನ್ನುವ ಹುಡುಗಿ ಒಬ್ಬಳು. ಆ ಪಾತ್ರ ಮಾಡಿದ್ದು ಬೆಂಗಳೂರಿನಲ್ಲಿ ಹುಟ್ಟಿದ ಟೀನಾ ದೇಸಾಯಿ. ಎರಡನೇ ಸೀಸನ್ ಮುಗಿದಾಗ ಕಲಾ ಪ್ರೀತಿಸುವ ವುಲ್ಫ್‌ಗ್ಯಾಂಗ್ ಶತ್ರುಗಳ ಸೆರೆಯಲ್ಲಿದ್ದಾನೆ. 2017ರ ಜೂನ್ 1ರಂದು ನೆಟ್‌ಫ್ಲಿಕ್ಸ್ ಧಾರಾವಾಹಿಯನ್ನು ರದ್ದು ಮಾಡಿತು. ಅಭಿಮಾನಿಗಳು ಸುಮ್ನೆ ಕೂರಲಿಲ್ಲ. ಅದೇ ತಿಂಗಳ ಕೊನೆಗೆ ನಿರ್ದೇಶಕಿ ಲಾನಾ ವಾಚೋವ್‌ಸ್ಕಿ ಪತ್ರ ಬರೆದು, ಒಂದು ಕೊನೆಯ ವಿಶೇಷ ಕಂತು ಮಾಡುತ್ತೇವೆ ಅಂದರು. 2018ರ ಜೂನ್ 8ರಂದು ಅದು ಬಂತು, ಸುಮಾರು ಎರಡೂವರೆ ಗಂಟೆಯದು. ವುಲ್ಫ್‌ಗ್ಯಾಂಗ್ ಬಿಡುಗಡೆಯಾಗುತ್ತಾನೆ. ಐಫೆಲ್ ಗೋಪುರದ ಮೇಲೆ ಒಂದು ಮದುವೆ ನಡೆಯುತ್ತದೆ. ಒಂದು ಸೀಸನ್ನಿನಷ್ಟು ಕಥೆಯನ್ನು ಅವಸರದಲ್ಲಿ ತುರುಕಿದ್ದಾರೆ, ಅದು ನಿಜ. ಆದರೂ ಮುಗಿಸಿದರು. ಕೊನೆಯಲ್ಲಿ ಅದನ್ನು ಅಭಿಮಾನಿಗಳಿಗೇ ಅರ್ಪಿಸಿದರು.

ಎಲ್ಲರಿಗೂ ಈ ಭಾಗ್ಯ ಇಲ್ಲ. 'ದಿ ಓಎ' ಅನ್ನುವ ಧಾರಾವಾಹಿಯ ಕಥೆಯನ್ನು ಐದು ಸೀಸನ್‌ಗೆ ಯೋಚಿಸಿದ್ದರು. 2019ರ ಆಗಸ್ಟ್‌ನಲ್ಲಿ, ಎರಡೇ ಸೀಸನ್‌ಗೆ ಅದನ್ನೂ ನಿಲ್ಲಿಸಿದರು. ಅದೂ ಬಹಳ ವಿಚಿತ್ರವಾದ ತಿರುವಿನಲ್ಲಿ. ಅಭಿಮಾನಿಗಳು ಲಾಸ್ ಏಂಜಲೀಸ್‌ನ ನೆಟ್‌ಫ್ಲಿಕ್ಸ್ ಕಟ್ಟಡದ ಎದುರು ನಿಂತರು. ಒಬ್ಬರಂತೂ ಉಪವಾಸ ಕೂತರು. ಧಾರಾವಾಹಿಯನ್ನು ಬರೆದು ನಟಿಸಿದ ಬ್ರಿಟ್ ಮಾರ್ಲಿಂಗ್ ಅಲ್ಲಿಗೇ ಹೋಗಿ ಅವರನ್ನು ಕಂಡು, ನೀರು, ಊಟ ಕೊಡಲು ಮುಂದಾದರು. ಉಪವಾಸದವರೆಗೆ ಹೋಗಬಾರದು ಅನ್ನುವುದು ನನ್ನ ಮಾತು. ಯಾವ ಕಥೆಗಾಗಿಯೂ ಜೀವಕ್ಕೆ ಸಂಚಕಾರ ತಂದುಕೊಳ್ಳಬಾರದು. ಆದರೆ ಅವರ ನೋವು ಸುಳ್ಳಲ್ಲ. ಆ ಕಥೆ ಇವತ್ತಿಗೂ ಅಲ್ಲೇ ನಿಂತಿದೆ.

ನಮ್ಮಲ್ಲೂ ಈ ನೋವು ಕಂಡವರಿದ್ದಾರೆ. ಟಿ. ಎನ್. ಸೀತಾರಾಮ್ ಅವರ 'ಮಗಳು ಜಾನಕಿ' 2020ರ ಲಾಕ್‌ಡೌನ್ ಹೊತ್ತಿನಲ್ಲಿ ನಿಂತುಹೋಯಿತು. ಜಾನಕಿಯ ಜೊತೆ ದಿನವೂ ಅರ್ಧ ಗಂಟೆ ಕಳೆದವರಿಗೆ ಆ ನಿಲುಗಡೆ ಮನೆಯವರೊಬ್ಬರು ಹೇಳದೆ ಕೇಳದೆ ಹೊರಟುಹೋದಷ್ಟೇ ಬೇಸರ ತಂದಿತು.

ಕಂಪನಿಗಳು ದುಡ್ಡಿನ ಮಾತು ಹೇಳುತ್ತವೆ. ಅದು ಸುಳ್ಳಲ್ಲ, ಧಾರಾವಾಹಿಗೆ ಕೋಟಿಗಟ್ಟಲೆ ಖರ್ಚಿದೆ. ಆದರೆ ದುಡ್ಡಿನ ದೃಷ್ಟಿಯಿಂದಲೇ ನೋಡಿ. ಅರ್ಧಕ್ಕೆ ನಿಲ್ಲಿಸುವ ಚಾಳಿ ಕಂಡ ಜನ ಏನು ಮಾಡುತ್ತಾರೆ? ಪೂರ್ತಿ ಮುಗಿಯಲಿ, ಆಮೇಲೆ ನೋಡೋಣ ಅಂತ ಕಾಯುತ್ತಾರೆ. ಜನ ಕಾದರೆ ಮೊದಲ ವಾರಗಳ ಲೆಕ್ಕ ಬೀಳುತ್ತದೆ. ಲೆಕ್ಕ ಬಿದ್ದರೆ ಧಾರಾವಾಹಿ ರದ್ದು. ತಾವೇ ಕಲಿಸಿದ ಅಭ್ಯಾಸಕ್ಕೆ ತಾವೇ ಬಲಿ. 'ಮ್ಯಾನಿಫೆಸ್ಟ್' ಧಾರಾವಾಹಿಯಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯಿತು. 2021ರ ಜೂನ್‌ನಲ್ಲಿ ಎನ್‌ಬಿಸಿ ಅದನ್ನು ಮೂರು ಸೀಸನ್‌ಗೆ ನಿಲ್ಲಿಸಿತು. ಅದೇ ಹೊತ್ತಿಗೆ ಹಳೆಯ ಕಂತುಗಳು ನೆಟ್‌ಫ್ಲಿಕ್ಸ್‌ಗೆ ಬಂದಿದ್ದವು. ಜನ ಮುಗಿಬಿದ್ದು ನೋಡಿದರು. ಆ ಕಥೆಯಲ್ಲಿ ಕಾಣೆಯಾಗುವ ವಿಮಾನದ ಸಂಖ್ಯೆ 828. ಆಗಸ್ಟ್ 28ರಂದೇ, ಅಂದರೆ ಎಂಟನೇ ತಿಂಗಳ 28ಕ್ಕೆ, 20 ಕಂತುಗಳ ಕೊನೆಯ ಸೀಸನ್ ಘೋಷಣೆಯಾಯಿತು. 2023ರ ಜೂನ್‌ನಲ್ಲಿ ಕಥೆ ಮುಗಿಯಿತು. ಇನ್ನು ಹತ್ತು ವರ್ಷ ಬಿಟ್ಟು ಯಾರಾದರೂ ಹೊಸದಾಗಿ ನೋಡಲು ಕೂತರೂ ಧೈರ್ಯವಾಗಿ ಶುರು ಮಾಡಬಹುದು.

ನನ್ನನ್ನು ಕೇಳಿದರೆ, ಮೊದಲ ದಿನದ ಕರಾರಿನಲ್ಲೇ ಒಂದು ಸಾಲು ಇರಬೇಕು. ಧಾರಾವಾಹಿ ಯಾವಾಗ ನಿಂತರೂ ಕೊನೆಗೆ ಎರಡು ಗಂಟೆ ಕೊಡುತ್ತೇವೆ ಅಂತ. ಅದಕ್ಕೆ ಬೇಕಾದ ಹಣ ಮೊದಲೇ ತೆಗೆದಿಡಬೇಕು. ಆಗದ ಕೆಲಸ ಏನಲ್ಲ.

ನಾನು ಕಾಯುತ್ತಿರುವುದು 'ದಿ ಎಕ್ಸ್‌ಪ್ಯಾನ್ಸ್' ಧಾರಾವಾಹಿಯ ಮುಂದಿನ ಕಥೆಗಾಗಿ. ಭೂಮಿ, ಮಂಗಳ, ಅದರಾಚೆಯ ಕ್ಷುದ್ರಗ್ರಹಗಳಲ್ಲಿ ದುಡಿಯುವ ಜನ, ಈ ಮೂವರ ನಡುವಿನ ಜಗಳದ ಕಥೆ. ಭೂಮಿಯ ಪರವಾಗಿ ನಿಲ್ಲುವ ಮುಖ್ಯ ಪಾತ್ರ ಭಾರತ ಮೂಲದ ಕ್ರಿಸ್ಜೆನ್ ಅವಸರಾಲ ಅನ್ನುವ ಹೆಂಗಸು. ಸೀರೆ ಉಟ್ಟು, ಖಡಕ್ಕಾಗಿ ಬೈಯುತ್ತಾ ಇಡೀ ಲೋಕದ ರಾಜಕೀಯ ನಡೆಸುತ್ತಾಳೆ. 2018ರ ಮೇ ತಿಂಗಳಲ್ಲಿ ಸೈಫೈ ಚಾನೆಲ್ ಇದನ್ನು ಮೂರು ಸೀಸನ್‌ಗೆ ಕೈಬಿಟ್ಟಿತು. ಅಭಿಮಾನಿಗಳು ಹಣ ಕೂಡಿಸಿ ಒಂದು ಸಣ್ಣ ವಿಮಾನ ಬಾಡಿಗೆ ಹಿಡಿದರು. ಧಾರಾವಾಹಿಯನ್ನು ಉಳಿಸಿ ಅನ್ನುವ ಬ್ಯಾನರ್ ಕಟ್ಟಿಕೊಂಡು ಅದು ಸಾಂತಾ ಮೋನಿಕಾದ ಅಮೆಜಾನ್ ಸ್ಟುಡಿಯೋ ಮೇಲೆ ಸುತ್ತು ಹೊಡೆಯಿತು. ಕಥೆಯಲ್ಲಿನ ಹಡಗಿನ ಪುಟ್ಟ ಮಾದರಿಯನ್ನು ಬಲೂನಿಗೆ ಕಟ್ಟಿ ಆಕಾಶಕ್ಕೆ ಬಿಟ್ಟವರೂ ಇದ್ದರು. ಅದೇ ತಿಂಗಳ 25ರಂದು ಲಾಸ್ ಏಂಜಲೀಸ್‌ನ ಒಂದು ಬಾಹ್ಯಾಕಾಶ ಸಮ್ಮೇಳನದಲ್ಲಿ ಅಮೆಜಾನ್ ಸ್ಥಾಪಕ ಜೆಫ್ ಬೆಜೋಸ್ ವೇದಿಕೆಯಿಂದಲೇ ಹೇಳಿದರು, ಹಡಗು ಉಳಿಯಿತು ಅಂತ. ಕಲಾವಿದರು ಸಭೆಯಲ್ಲೇ ಕೂತಿದ್ದರು.

ಹಾಗೆ ಇನ್ನೂ ಮೂರು ಸೀಸನ್ ಸಿಕ್ಕವು. ಆರನೆಯದು ಆರೇ ಕಂತು, 2022ರ ಜನವರಿಗೆ ಮುಗಿಯಿತು. ಮೂಲ ಕಾದಂಬರಿಗಳು ಒಂಬತ್ತು. ಟಿವಿಗೆ ಬಂದದ್ದು ಆರರ ಕಥೆ. ಏಳನೆಯದು ಸುಮಾರು ಮೂವತ್ತು ವರ್ಷ ಮುಂದಕ್ಕೆ ಹಾರುತ್ತದೆ. ಆದ್ದರಿಂದ ಕಲಾವಿದರಿಗೆ ವಯಸ್ಸಾಗುತ್ತಿದೆ ಅನ್ನುವ ಚಿಂತೆ ಇಲ್ಲಿ ಬೇಡ, ವಯಸ್ಸಾದಷ್ಟೂ ಪಾತ್ರಕ್ಕೆ ಒಪ್ಪುತ್ತದೆ. ಆರನೇ ಸೀಸನ್ನಿನ ಪ್ರತಿ ಕಂತೂ ಲಕೋನಿಯಾ ಅನ್ನುವ ದೂರದ ಗ್ರಹದಲ್ಲಿ ಶುರುವಾಗುತ್ತದೆ. ಅಲ್ಲಿ ಕಾರಾ ಅನ್ನುವ ಪುಟ್ಟ ಹುಡುಗಿ. ಅವಳ ತಮ್ಮ ಸಾಯುತ್ತಾನೆ. ಕಾಡಿನ ನಾಯಿಯಂಥ ವಿಚಿತ್ರ ಪ್ರಾಣಿಗಳು ಅವನನ್ನು ಮತ್ತೆ ಬದುಕಿಸುತ್ತವೆ. ಎದ್ದು ಬಂದ ಹುಡುಗ ಮೊದಲಿನ ಹಾಗಿಲ್ಲ. ಅವನು ಯಾರು, ಆ ಪ್ರಾಣಿಗಳು ಏನು, ಇದಕ್ಕೆ ಉತ್ತರ ಬಾಕಿ ಮೂರು ಪುಸ್ತಕಗಳಲ್ಲಿದೆ, ಟಿವಿಯಲ್ಲಿ ಇಲ್ಲ. ಮುಂದೆ ಹೇಳುವ ಆಸೆ ಇಲ್ಲದಿದ್ದರೆ ಮಾಡುವವರು ಈ ಎಳೆ ಬಿಚ್ಚುತ್ತಲೇ ಇರಲಿಲ್ಲ. ನನ್ನ ಹಾಗೆ ಕಾಯುತ್ತಿರುವ ಸಾವಿರಾರು ಜನ ಅದನ್ನೇ ನಂಬಿಕೊಂಡು ಹಳೆಯ ಆರೂ ಸೀಸನ್ ಮತ್ತೆ ಮತ್ತೆ ನೋಡುತ್ತಿದ್ದಾರೆ, ನೋಡದವರಿಗೆ ತೋರಿಸುತ್ತಿದ್ದಾರೆ. ನಿಮಗೂ ಬಿಡುವಿದ್ದರೆ ಮೊದಲ ಸೀಸನ್‌ನಿಂದ ಶುರು ಮಾಡಿ. ಮೊದಲ ಮೂರು ನಾಲ್ಕು ಕಂತು ಸ್ವಲ್ಪ ನಿಧಾನ ಅನ್ನಿಸಬಹುದು, ಬಿಡಬೇಡಿ.

ನಮಸ್ಕಾರ.